‘ತಪ್ಪಾಯ್ತು ಸಾರ್’ ಅನ್ನಬೇಡಿ: ಅಮೆರಿಕದಲ್ಲಿ ಮೈಮೇಲೆ ಕೇಸ್ ಬಿದ್ದರೆ

ಹೋದ ತಿಂಗಳು ದಾವಣಗೆರೆ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಅಂಗಡಿಯಲ್ಲಿ ಕಳ್ಳತನದ ಆರೋಪದ ಮೇಲೆ ಸಿಕ್ಕಿಬಿದ್ದು, ಒಂದು ರಾತ್ರಿ ಜೈಲಲ್ಲಿದ್ದು ಹೊರಗೆ ಬಂದಿದ್ದ. "ಅಣ್ಣಾ, ಏನೂ ತೊಂದರೆ ಇಲ್ಲ, ಒಪ್ಪಿಕೊಂಡರೆ ಕೇಸ್ ಡಿಸ್ಮಿಸ್ ಮಾಡ್ತಾರಂತೆ" ಅಂದ. ನನಗೆ ಎದೆ ಧಸಕ್ಕೆಂದಿತು. 2016ರಲ್ಲಿ ನಾನೂ ಇದೇ ಮಾತು ನಂಬಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ. ಕ್ರಿಮಿನಲ್ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆದರೆ ವೀಸಾ ಕಾನೂನು ದೇಶಕ್ಕೆಲ್ಲ ಒಂದೇ. ಈ ಎರಡರ ನಡುವೆ ಒಂದು ಹಳ್ಳ ಇದೆ. ನಮ್ಮವರು ಬೀಳುವುದು ಅಲ್ಲೇ.

2016ರ ಆ ದಿನ ಅಂಗಡಿಯಲ್ಲಿ ಮಗಳಿಗೆ ಕಾರ್ ಸೀಟ್ ತಗೊಂಡಿದ್ದೆ, 139 ಡಾಲರ್. ದೊಡ್ಡ ಡಬ್ಬ, ಕಾರ್ಟಿನ ಕೆಳಗಿನ ತಟ್ಟೆಯಲ್ಲಿತ್ತು. ಸೆಲ್ಫ್ ಚೆಕೌಟ್‌ನಲ್ಲಿ ಹಾಲು, ಈರುಳ್ಳಿ, ಡೈಪರ್ ಎಲ್ಲ ಸ್ಕ್ಯಾನ್ ಮಾಡಿದೆ. ಕೆಳಗೆ ಬಗ್ಗಿ ನೋಡಲೇ ಇಲ್ಲ. ಬಾಗಿಲಲ್ಲಿ ಇಬ್ಬರು ತಡೆದು ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಕಿಟಕಿ ಇಲ್ಲದ ಕೋಣೆ, ಒಂದು ಸ್ಟೀಲ್ ಮೇಜು, ಗೋಡೆ ಮೇಲೆ ಕ್ಯಾಮೆರಾ ಪರದೆ. ನಾನು ನಮ್ಮೂರಲ್ಲಿ ಮಾಡುವ ಹಾಗೇ ಮಾಡಿದೆ. "ತಪ್ಪಾಯ್ತು, ಈಗಲೇ ದುಡ್ಡು ಕೊಡ್ತೀನಿ, ಬಿಟ್ಟುಬಿಡಿ" ಅಂದೆ. ಅವರು ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಿದೆ. ದುಡ್ಡು ಕೊಡುವ ಉದ್ದೇಶವಿಲ್ಲದೆ ತೆಗೆದುಕೊಂಡೆ ಅಂತ ಅದರಲ್ಲಿ ಮೊದಲೇ ಅಚ್ಚಾಗಿತ್ತು. ಟೆಕ್ಸಸ್‌ನಲ್ಲಿ ಕದಿಯುವ ಉದ್ದೇಶ ಇಲ್ಲದಿದ್ದರೆ ಅದು ಕಳ್ಳತನವೇ ಅಲ್ಲ. ಮರೆತು ತಂದದ್ದು ಕಳ್ಳತನ ಆಗುವುದಿಲ್ಲ. ಆ ಉದ್ದೇಶವನ್ನು ನಾನೇ ಬರೆದುಕೊಟ್ಟಿದ್ದೆ.

ನಮ್ಮಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಿಂದ ಬಂದ ನಿಯಮ ಅದು, ಹೊಸ ಕಾಯ್ದೆಯಲ್ಲೂ ಉಳಿದಿದೆ. ಈ ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು ಅಂತ ನನ್ನ ಅಭಿಪ್ರಾಯ. ಇಲ್ಲಿ ನೀವು ಆಡಿದ ಪ್ರತಿ ಮಾತೂ ನಿಮ್ಮ ಮೇಲೇ ಬರುತ್ತದೆ. ನಿಮಗೆ ಸುಮ್ಮನಿರುವ ಹಕ್ಕಿದೆ, ಲಾಯರ್ ಹಕ್ಕಿದೆ ಅಂತ ಸಿನಿಮಾದಲ್ಲಿ ಕೇಳುವ ಮಿರಾಂಡಾ ಎಚ್ಚರಿಕೆ ಕೊಡಬೇಕಾದವರು ಪೊಲೀಸರು ಮಾತ್ರ, ಅದೂ ಬಂಧಿಸಿಟ್ಟು ಪ್ರಶ್ನೆ ಕೇಳುವಾಗ. ಅಂಗಡಿಯ ಸೆಕ್ಯುರಿಟಿಗೆ ಅದು ಅನ್ವಯಿಸುವುದಿಲ್ಲ. ಇನ್ನೊಂದು ವಿಷಯ, ಸುಮ್ನೆ ಕೂತರೆ ಸಾಲದು. ಮೌನದ ಹಕ್ಕು ಬೇಕಾದರೆ ಬಾಯಿಬಿಟ್ಟು ಹೇಳಬೇಕು ಅಂತ 2010ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು, ವಿಳಾಸ ಕೊಡಿ. ಆಮೇಲೆ "ನಾನು ಮಾತಾಡಲ್ಲ, ನನಗೆ ಲಾಯರ್ ಬೇಕು" ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿ. ಜೈಲಿನಿಂದ ಮನೆಗೆ ಫೋನ್ ಮಾಡಿದರೆ ಕೇಸಿನ ಮಾತು ಎತ್ತಬೇಡಿ. ಆ ಕರೆಗಳು ರೆಕಾರ್ಡ್ ಆಗುತ್ತವೆ. ಕನ್ನಡದಲ್ಲಿ ಆಡಿದರೂ ಅಷ್ಟೇ, ಅನುವಾದ ಮಾಡಿಸುತ್ತಾರೆ.

ಈಗ ನನಗೆ ಜಾಸ್ತಿ ನಷ್ಟ ಮಾಡಿದ ವಿಷಯಕ್ಕೆ ಬರ್ತೀನಿ. 100 ಡಾಲರ್‌ನಿಂದ 750 ಡಾಲರ್ ಒಳಗಿನ ಕಳ್ಳತನ ಇಲ್ಲಿ ಕ್ಲಾಸ್ ಬಿ ಮಿಸ್‌ಡಿಮೀನರ್, ಅಂದರೆ ಸಣ್ಣ ದರ್ಜೆಯ ಅಪರಾಧ, 180 ದಿನದವರೆಗೆ ಜೈಲು ಆಗಬಹುದು. ಲಾಯರ್ ಫೀಸು 2,000 ಡಾಲರ್ ಅಂದರು. ಜಾಸ್ತಿ ಆಯಿತು ಅಂತ ಒಬ್ಬನೇ ಕೋರ್ಟಿಗೆ ಹೋದೆ. ಲಾಯರ್ ಬೇಡ ಅಂತ ಫಾರ್ಮಿಗೆ ಸಹಿ ಹಾಕಿದೆ. ಪ್ರಾಸಿಕ್ಯೂಟರ್, ಅಂದರೆ ಸರ್ಕಾರಿ ವಕೀಲರು, ಕೊಟ್ಟ ಆಫರ್ ಹೆಸರು ಡಿಫರ್ಡ್ ಅಡ್ಜುಡಿಕೇಶನ್. ನೋ ಕಾಂಟೆಸ್ಟ್ (ಆರೋಪದ ವಿರುದ್ಧ ವಾದಿಸುವುದಿಲ್ಲ) ಅನ್ನಬೇಕು, ದಂಡ ಕಟ್ಟಬೇಕು, ಆರು ತಿಂಗಳು ಪ್ರೊಬೇಷನ್‌ನಲ್ಲಿ (ಕೋರ್ಟಿನ ನಿಗಾದಲ್ಲಿ) ಇರಬೇಕು, ಆಮೇಲೆ ಜಡ್ಜ್ ಕೇಸ್ ಡಿಸ್ಮಿಸ್ ಮಾಡುತ್ತಾರೆ. ಶಿಕ್ಷೆಯಾದ ದಾಖಲೆಯೇ ಇರುವುದಿಲ್ಲ ಅಂದರು. ಟೆಕ್ಸಸ್ ಕಾನೂನಿನ ಮಟ್ಟಿಗೆ ಅವರು ಹೇಳಿದ್ದು ನಿಜ.

ಆದರೆ ಇಮಿಗ್ರೇಶನ್ ಕಾನೂನಿಗೆ ಅದರದ್ದೇ ಲೆಕ್ಕ, 1996ರಿಂದ. ನೀವು ಗಿಲ್ಟಿ ಅಥವಾ ನೋ ಕಾಂಟೆಸ್ಟ್ ಅಂದು, ಜಡ್ಜ್ ಒಂದಿಷ್ಟು ಶಿಕ್ಷೆಯನ್ನೋ ನಿರ್ಬಂಧವನ್ನೋ ಹಾಕಿದರೆ ಅದು ಕನ್ವಿಕ್ಷನ್, ಅಂದರೆ ಅಪರಾಧಿ ಅಂತ ತೀರ್ಮಾನ ಆದ ಹಾಗೆ. ಆಮೇಲೆ ಡಿಸ್ಮಿಸ್ ಆದರೂ ಅಷ್ಟೇ, ದಾಖಲೆ ಮುಚ್ಚಿಸಿದರೂ ಅಷ್ಟೇ. ಅದೇ ಪ್ರೀಟ್ರಯಲ್ ಡೈವರ್ಷನ್ ಅಂತ ಇನ್ನೊಂದಿದೆ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಳ್ಳದೆ ಪ್ರಾಸಿಕ್ಯೂಟರ್ ಜೊತೆ ಒಪ್ಪಂದ ಮಾಡಿಕೊಂಡು ಮುಗಿಸುವುದು. ಕೋರ್ಟಿನಲ್ಲಿ ಒಪ್ಪಿಕೊಂಡೇ ಇಲ್ಲ, ಹಾಗಾಗಿ ಸಾಮಾನ್ಯವಾಗಿ ಅದು ಕನ್ವಿಕ್ಷನ್ ಆಗುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅದೇ ದಂಡ, ಹೋಗಿ ಕೂರಬೇಕಾದ ಅದೇ ಪಾಠದ ಕ್ಲಾಸು, ಅದೇ ಡಿಸ್ಮಿಸಲ್. ಡೈವರ್ಷನ್‌ಗೂ ಕೆಲವು ಕಡೆ ತಪ್ಪೊಪ್ಪಿಗೆ ಬರೆಸಿಕೊಳ್ಳುತ್ತಾರೆ, ಆ ಕಾಗದ ಲಾಯರ್ ನೋಡದೆ ಸಹಿ ಹಾಕಲೇಬೇಡಿ.

2018ರಲ್ಲಿ ಸ್ಟಾಂಪಿಂಗ್‌ಗೆ, ಅಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸಲು, ಊರಿಗೆ ಹೋದೆ. ಫಾರ್ಮಿನಲ್ಲಿ ಯಾವತ್ತಾದರೂ ಅರೆಸ್ಟ್ ಆಗಿದ್ದೀರಾ ಅಂತ ಕೇಳುತ್ತಾರೆ. ಡಿಸ್ಮಿಸ್ ಆಗಿದ್ದರೂ ಹೌದು ಅನ್ನಬೇಕು, ಸುಳ್ಳು ಹೇಳಿದರೆ ಅದು ಇನ್ನೂ ದೊಡ್ಡ ಅಪರಾಧ. ಹೌದು ಅಂದೆ. ವೀಸಾ ಸದ್ಯಕ್ಕೆ ತಡೆಹಿಡಿದಿದ್ದೇವೆ ಅನ್ನುವ 221ಜಿ ಚೀಟಿ ಕೊಟ್ಟರು. ನಾಲ್ಕು ತಿಂಗಳು ಹಾಸನದಲ್ಲಿ ಅಪ್ಪನ ಮನೆಯಲ್ಲಿ ಕೂತೆ. ಸಂಬಳ ಇಲ್ಲ, ಇಲ್ಲಿ ಬೀಗ ಹಾಕಿದ ಮನೆಗೆ ಬಾಡಿಗೆ. ಕಳ್ಳತನವನ್ನು ಇಮಿಗ್ರೇಶನ್ ಕಾನೂನು ನೀತಿಗೆಟ್ಟ ಅಪರಾಧಗಳ ಸಾಲಿಗೆ ಸೇರಿಸುತ್ತದೆ. ಒಂದೇ ಅಪರಾಧ, ಗರಿಷ್ಠ ಶಿಕ್ಷೆ ಒಂದು ವರ್ಷ ಮೀರದು, ಆದ ಶಿಕ್ಷೆ ಆರು ತಿಂಗಳು ಮೀರಿಲ್ಲ ಅಂದರೆ ಒಂದು ವಿನಾಯಿತಿ ಇದೆ. ಅದರಿಂದ ಬಚಾವಾದೆ. ನನ್ನ ಕೇಸ್ ಒಂದು ಮೆಟ್ಟಿಲು ಮೇಲಿನ ಕ್ಲಾಸ್ ಎ ಆಗಿದ್ದು, ಅಮೆರಿಕಕ್ಕೆ ಬಂದು ಐದು ವರ್ಷದ ಒಳಗೆ ನಡೆದಿದ್ದರೆ ಗಡೀಪಾರಿನ ಕೇಸೇ ಆಗಬಹುದಿತ್ತು, ಯಾಕೆಂದರೆ ಕ್ಲಾಸ್ ಎ ಕೇಸಿನಲ್ಲಿ ಒಂದು ವರ್ಷದ ಶಿಕ್ಷೆಗೆ ಅವಕಾಶ ಇದೆ. ಈ ಒಂದು ದಿನದ ವ್ಯತ್ಯಾಸಕ್ಕಾಗಿಯೇ ಕ್ಯಾಲಿಫೋರ್ನಿಯಾ 2015ರಿಂದ ಮಿಸ್‌ಡಿಮೀನರ್ ಗರಿಷ್ಠ ಶಿಕ್ಷೆಯನ್ನು 364 ದಿನಕ್ಕೆ ಇಳಿಸಿದೆ.

ಹಾಗಾಗಿ ಕೋರ್ಟಿನಲ್ಲಿ ಮೊದಲ ದಿನ ನಾಟ್ ಗಿಲ್ಟಿ ಅನ್ನಿ. ಅದು ಸುಳ್ಳು ಹೇಳಿದ ಹಾಗಲ್ಲ. "ನೀವೇ ಸಾಬೀತು ಮಾಡಿ" ಅಂತ ಸರ್ಕಾರಕ್ಕೆ ಹೇಳುವುದು ಅಷ್ಟೇ. ಲಾಯರ್ ನೋಡಲು ಟೈಮ್ ಕೇಳಿ. ಕ್ರಿಮಿನಲ್ ಲಾಯರ್ ಒಬ್ಬರೇ ಸಾಲದು. ಆಫರ್ ಬಂದ ಮೇಲೆ, ಒಪ್ಪುವ ಮೊದಲು, ಇಮಿಗ್ರೇಶನ್ ಲಾಯರ್ ಹತ್ತಿರ ಅದರ ಪರಿಣಾಮ ಏನು ಅಂತ ಬರವಣಿಗೆಯಲ್ಲಿ ಪಡೆಯಿರಿ. ಈ ಪರಿಣಾಮ ತಿಳಿಸುವುದು ಕ್ರಿಮಿನಲ್ ಲಾಯರ್ ಕರ್ತವ್ಯವೂ ಹೌದು ಅಂತ ಇಲ್ಲಿನ ಸುಪ್ರೀಂ ಕೋರ್ಟಿನ 2010ರ ಪಡಿಲ್ಲಾ ತೀರ್ಪಿನಲ್ಲಿದೆ, ಆದರೂ ನೀವೇ ಕೇಳಿ. ದುಡ್ಡಿಲ್ಲದ ಸ್ಟೂಡೆಂಟ್‌ಗಳು, ಜೈಲಾಗಬಹುದಾದ ಕೇಸಿನಲ್ಲಿ ಕೋರ್ಟಿನಿಂದಲೇ ಲಾಯರ್ ಕೇಳಬಹುದು. ಅದಕ್ಕೆ ಸಿಟಿಜನ್ ಆಗಿರಬೇಕಿಲ್ಲ.

ಗಂಡ ಹೆಂಡತಿ ಜಗಳಕ್ಕೆ 911ಕ್ಕೆ (ಇಲ್ಲಿನ ತುರ್ತು ನಂಬರ್) ಕರೆ ಹೋದ ಕೇಸುಗಳಲ್ಲೂ ನಮ್ಮವರು ಮೋಸ ಹೋಗುತ್ತಾರೆ. ಪೆಟ್ಟಾಗುವ ಭಯ ಇದ್ದರೆ ಕರೆ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಗ್ಗೆ ಕಂಪ್ಲೇಂಟ್ ವಾಪಸ್ ತಗೊಂಡು ರಾಜಿ ಆಗಬಹುದು ಅಂತ ಎಣಿಸಬೇಡಿ. ಇಲ್ಲಿ ಕೇಸ್ ಹಾಕುವುದು ಸರ್ಕಾರ, ಕೈಬಿಡುವುದೂ ಅದರ ಇಷ್ಟ. ಹತ್ತಿರ ಹೋಗಬಾರದು ಅಂತ ಆರ್ಡರ್ ಇದ್ದಾಗ, ಹೆಂಡತಿಯೇ ಊಟಕ್ಕೆ ಬಾ ಅಂದರೂ ಹೋಗಬೇಡಿ. ಕುಡಿದು ಗಾಡಿ ಓಡಿಸಿ ಅರೆಸ್ಟ್ ಆದರಂತೂ, ತೀರ್ಪು ಬರುವ ಮೊದಲೇ ವೀಸಾ ರದ್ದಾಗಬಹುದು.

ಆ ಹುಡುಗ ಈಗ ನಾಟ್ ಗಿಲ್ಟಿ ಅಂದಿದ್ದಾನೆ, ಲಾಯರ್ ಡೈವರ್ಷನ್ ಕೇಳಿದ್ದಾರೆ. ಕೇಸ್ ಮುಗಿದ ದಿನವೇ ಕ್ಲರ್ಕ್ ಆಫೀಸಿಗೆ ಹೋಗಿ ಸೀಲ್ ಇರುವ ಡಿಸ್ಪೊಸಿಷನ್ (ಕೇಸ್ ಹೇಗೆ ಮುಗಿಯಿತು ಅಂತ ಹೇಳುವ ಕಾಗದ) ಪ್ರತಿ ಐದಾರು ತಗೋ ಅಂತ ಹೇಳಿದ್ದೇನೆ. ದಾಖಲೆ ಅಳಿಸಿದ ಮೇಲೆ ಅದು ಸಿಗುವುದು ಕಷ್ಟ, ವೀಸಾದವರು ಕೇಳುವುದು ಮಾತ್ರ ಬಿಡುವುದಿಲ್ಲ.