ಥಾಯ್ಲೆಂಡಿನಲ್ಲಿ ಬಾಡಿಗೆ ಮನೆ, ಸ್ವಂತ ಕಾಂಡೊ: ಯಾವ ಕಾಗದ ಕೇಳಬೇಕು, ದುಡ್ಡು ಹೇಗೆ ತರಬೇಕು

ಥಾಯ್ಲೆಂಡಿನ ಕಾನೂನು ವಿದೇಶಿಯರ ಮುಂದೆ ಸ್ಪಷ್ಟವಾದ ಗೆರೆಯೊಂದನ್ನು ಎಳೆದಿದೆ. ಕಾಂಡೊ ಫ್ಲ್ಯಾಟನ್ನು ಸ್ವಂತ ಹೆಸರಿಗೆ ಕೊಳ್ಳಬಹುದು, ಜಮೀನನ್ನು ಕೊಳ್ಳುವಂತಿಲ್ಲ. ಜಮೀನಿನ ನಿಷೇಧ 1954ರ ಭೂ ಸಂಹಿತೆಯದು, ಫ್ಲ್ಯಾಟಿನ ಅವಕಾಶ 1979ರ ಕಾಂಡೊಮಿನಿಯಂ ಕಾಯ್ದೆಯದು. ಈ ಗೆರೆಯನ್ನು ಸುಲಭವಾಗಿ ದಾಟಿಸುತ್ತೇವೆ ಎನ್ನುವ ಏಜೆಂಟರು ಪುಕೆಟ್, ಪಟ್ಟಾಯಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಅವರ ಮಾತನ್ನು ಅಳೆಯಲು ಒಂದು ದಾರಿಯಿದೆ. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಕೆಲಸವನ್ನು ಅಲ್ಲಿ ಲ್ಯಾಂಡ್ ಆಫೀಸ್ ಮಾಡುತ್ತದೆ. ಅದು ಕೊಡುವ ಹಕ್ಕುಪತ್ರದ ಹಿಂಬದಿಯಲ್ಲಿ ಮಾರಾಟ, ಅಡಮಾನ, ದೀರ್ಘಾವಧಿ ಗುತ್ತಿಗೆ ಎಲ್ಲವೂ ತಾರೀಕಿನ ಸಮೇತ ದಾಖಲಾಗುತ್ತವೆ. ನಿಮಗೆ ಕೊಡುತ್ತೇವೆ ಎನ್ನುವ ಹಕ್ಕು ಆ ಹಾಳೆಯ ಮೇಲೆ ಬರುತ್ತದೆಯೇ ಎಂದು ಕೇಳಿ. ಬರುವುದಿಲ್ಲ ಎಂದಾದರೆ ದುಡ್ಡು ಬಿಚ್ಚಬೇಡಿ.

ಬಾಡಿಗೆ

ಕೊಳ್ಳುವ ಆಲೋಚನೆ ಎಷ್ಟೇ ಗಟ್ಟಿಯಿದ್ದರೂ ಮೊದಲು ಒಂದು ವರ್ಷ ಬಾಡಿಗೆಗಿರಿ. ಒಂದು ಮಳೆಗಾಲ ಕಳೆಯದೆ ಆ ಬೀದಿಯಲ್ಲಿ ನೀರು ನಿಲ್ಲುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. 2011ರ ಪ್ರವಾಹದಲ್ಲಿ ಬ್ಯಾಂಕಾಕಿನ ಉತ್ತರದ ಡಾನ್ ಮುಯಾಂಗ್, ಪಕ್ಕದ ಪಥುಮ್ ಥಾನಿ, ನೊಂಥಬುರಿಗಳ ಬಡಾವಣೆಗಳು ವಾರಗಟ್ಟಲೆ ನೀರಿನಲ್ಲಿದ್ದವು.

ಮನೆ ಹುಡುಕುವಾಗ ಎರಡು ಪದಗಳನ್ನು ಬೇರೆ ಮಾಡಿಕೊಳ್ಳಿ. ಥಾಯ್ಲೆಂಡಿನಲ್ಲಿ ಅಪಾರ್ಟ್‌ಮೆಂಟ್ ಎಂದರೆ ಇಡೀ ಕಟ್ಟಡಕ್ಕೆ ಒಬ್ಬನೇ ಮಾಲೀಕನಿರುವ, ಬಾಡಿಗೆಗಷ್ಟೇ ಸಿಗುವ ಮನೆ. ಕಾಂಡೊದಲ್ಲಿ ಪ್ರತಿ ಫ್ಲ್ಯಾಟಿಗೂ ಬೇರೆ ಮಾಲೀಕ, ಬೇರೆ ಹಕ್ಕುಪತ್ರ. ವ್ಯತ್ಯಾಸ ಕರೆಂಟ್ ಬಿಲ್ಲಿನಲ್ಲೇ ಕಾಣಿಸುತ್ತದೆ. ಕಾಂಡೊದಲ್ಲಿ ಸಾಮಾನ್ಯವಾಗಿ ಬಿಲ್ ನೇರವಾಗಿ ವಿದ್ಯುತ್ ಸಂಸ್ಥೆಯಿಂದ ಬರುತ್ತದೆ, ಯೂನಿಟ್ಟಿಗೆ 4ರಿಂದ 5 ಬಾತ್ (ಥಾಯ್ ಕರೆನ್ಸಿ) ಆಸುಪಾಸು. ಅಪಾರ್ಟ್‌ಮೆಂಟಿನವರು ತಮ್ಮದೇ ಮೀಟರ್ ಇಟ್ಟು 7–8 ಬಾತ್ ಹಾಕುವುದು ರೂಢಿ. ಏಪ್ರಿಲ್ ಸೆಕೆಯಲ್ಲಿ ಹಗಲೂ ರಾತ್ರಿ ಎಸಿ ಓಡಿದರೆ ತಿಂಗಳಿಗೆ 500 ಯೂನಿಟ್ ದಾಟುವುದು ಕಷ್ಟವಲ್ಲ. ಯೂನಿಟ್ಟಿಗೆ 3 ಬಾತ್ ಹೆಚ್ಚಾದರೆ ತಿಂಗಳಿಗೆ 1,500 ಬಾತ್ ಹೊರೆ. ಬಾಡಿಗೆ ಕಡಿಮೆ ಅನ್ನಿಸಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಕರೆಂಟ್ ದರದ್ದು.

ಬೆಂಗಳೂರಿನವರು ಎಡವುವುದು ಅಡ್ವಾನ್ಸ್ ಎಂಬ ಪದದಲ್ಲಿ. ನಮ್ಮಲ್ಲಿ ಅಡ್ವಾನ್ಸ್ ಎಂದರೆ ಖಾಲಿ ಮಾಡುವಾಗ ವಾಪಸ್ ಬರುವ ದುಡ್ಡು. ಅಲ್ಲಿ ಅಡ್ವಾನ್ಸ್ ಎಂದರೆ ಮುಂಗಡ ಬಾಡಿಗೆ, ಅದು ಆ ತಿಂಗಳಿಗೇ ಮುಗಿಯಿತು. ವಾಪಸ್ ಬರಬೇಕಾದದ್ದು ಡೆಪಾಸಿಟ್. ಒಂದು ವರ್ಷದ ಕರಾರಿಗೆ ಎರಡು ತಿಂಗಳ ಡೆಪಾಸಿಟ್, ಒಂದು ತಿಂಗಳ ಮುಂಗಡ ಬಾಡಿಗೆ ಕೇಳುವುದು ವಾಡಿಕೆ. ತಿಂಗಳಿಗೆ 20,000 ಬಾತಿನ ಮನೆಗೆ ಕೀಲಿ ಪಡೆಯುವ ದಿನ 60,000 ಬಾತ್ ಬೇಕು. ಏಜೆಂಟರ ಕಮಿಷನ್ನನ್ನು ಸಾಮಾನ್ಯವಾಗಿ ಮಾಲೀಕರೇ ಕೊಡುತ್ತಾರೆ. ನಿಮ್ಮಿಂದ ಬೇರೆ ಕೇಳಿದರೆ ಒಪ್ಪಬೇಕಾಗಿಲ್ಲ.

ಡೆಪಾಸಿಟ್ ಉಳಿಯುವುದೋ ಹೋಗುವುದೋ ಒಳಗೆ ಕಾಲಿಟ್ಟ ದಿನವೇ ತೀರ್ಮಾನವಾಗುತ್ತದೆ. ಸಾಮಾನು ಇಳಿಸುವ ಮೊದಲು ಗೋಡೆ, ನೆಲ, ಹಾಸಿಗೆ, ಸೋಫಾ, ಫ್ರಿಜ್ಜಿನ ಒಳಭಾಗಗಳನ್ನೆಲ್ಲ ವಿಡಿಯೊ ಮಾಡಿ. ಕರೆಂಟ್, ನೀರಿನ ಮೀಟರುಗಳ ಅಂಕಿಯ ಫೋಟೊ ತೆಗೆದು ಅವತ್ತೇ ಮಾಲೀಕರಿಗೆ ಲೈನ್ ಆ್ಯಪಿನಲ್ಲಿ ಕಳಿಸಿ. ಅಲ್ಲಿ ಎಲ್ಲ ವ್ಯವಹಾರ ನಡೆಯುವುದು ಲೈನಿನಲ್ಲೇ. ಕಳಿಸಿದ ತಾರೀಕು ಉಳಿಯುವುದೇ ಇಲ್ಲಿ ಮುಖ್ಯ. ಎಸಿ ಸರ್ವಿಸ್ ಯಾರ ಖರ್ಚು, ಎಷ್ಟು ತಿಂಗಳಿಗೊಮ್ಮೆ ಎಂಬುದು ಕರಾರಿನಲ್ಲಿರಲಿ. ಖಾಲಿ ಮಾಡುವಾಗ ಡೆಪಾಸಿಟ್‌ನಲ್ಲಿ ಕಡಿತ ಮಾಡಲು ಮುಂದಿಡುವ ಮಾಮೂಲಿ ನೆಪಗಳಲ್ಲಿ ಇದೂ ಒಂದು. ಕೆಲಸ ಹೋದರೆ ಅಥವಾ ಕಂಪನಿ ಬೇರೆ ದೇಶಕ್ಕೆ ವರ್ಗ ಮಾಡಿದರೆ ಒಂದು ಅಥವಾ ಎರಡು ತಿಂಗಳ ನೋಟಿಸಿನ ಮೇಲೆ, ಡೆಪಾಸಿಟ್ ಕಳೆದುಕೊಳ್ಳದೆ ಬಿಡಬಹುದು ಎಂಬ ಷರತ್ತನ್ನೂ ಸೇರಿಸಿಕೊಳ್ಳಿ. ಕೇಳಿದವರಿಗೆ ಇದು ಸಿಗುತ್ತದೆ.

ಕರಾರಿನ ತಾರೀಕು ಓದುವಾಗ ವರ್ಷ 2568 ಎಂದಿದ್ದರೆ ಗಾಬರಿ ಬೇಡ. ಅದು ಬೌದ್ಧ ಶಕೆ, 543 ಕಳೆದರೆ 2025. ಥಾಯ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರುವ ಕರಾರಿನಲ್ಲಿ ಭಿನ್ನ ಬಂದರೆ ಯಾವುದು ಮಾನ್ಯ ಎಂಬ ಸಾಲನ್ನು ಹುಡುಕಿ. ಹೆಚ್ಚಿನವುಗಳಲ್ಲಿ ಥಾಯ್ ಎಂದೇ ಇರುತ್ತದೆ. ಹಾಗಿದ್ದರೆ ಥಾಯ್ ಬಲ್ಲವರಿಂದ ಓದಿಸದೆ ಸಹಿ ಬೇಡ.

ಇನ್ನೊಂದು ಕಾಗದ ಟಿಎಂ 30. ವಿದೇಶಿಯನೊಬ್ಬ ಬಂದು ಉಳಿದ 24 ಗಂಟೆಯೊಳಗೆ ಮನೆಯವರು ವಲಸೆ ಕಚೇರಿಗೆ ತಿಳಿಸಬೇಕು. 1979ರ ವಲಸೆ ಕಾಯ್ದೆಯ 38ನೇ ಕಲಮು ಹೇಳುವುದು ಇದನ್ನೇ. ಕರ್ತವ್ಯ ಮಾಲೀಕರದು, ಆದರೆ ತೊಂದರೆ ನಿಮ್ಮದು. ವೀಸಾ ವಿಸ್ತರಣೆಗೆ ಹೋದಾಗ ಟಿಎಂ 30 ರಶೀದಿ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ದಂಡವನ್ನೂ ಅಲ್ಲೇ ಕಟ್ಟಬೇಕಾಗುತ್ತದೆ. ಸಹಿ ಮಾಡುವ ಮೊದಲೇ ಮಾಲೀಕರನ್ನು ಕೇಳಿ: ಟಿಎಂ 30 ಮಾಡಿಕೊಡುತ್ತೀರಾ, ನಿಮ್ಮ ಗುರುತಿನ ಚೀಟಿ ಮತ್ತು ಮನೆ ನೋಂದಣಿ ಪುಸ್ತಕದ ಪ್ರತಿ ಕೊಡುತ್ತೀರಾ ಎಂದು. ತೆರಿಗೆಗೆ ಹೆದರಿ ಹಿಂದೇಟು ಹಾಕುವವರ ಮನೆ ಎಷ್ಟೇ ಚೆಂದವಿರಲಿ, ಬಿಟ್ಟುಬಿಡಿ.

ಕಾಂಡೊ ಕೊಳ್ಳುವುದು

ಒಂದು ಕಾಂಡೊದ ಎಲ್ಲ ಫ್ಲ್ಯಾಟುಗಳ ಒಟ್ಟು ವಿಸ್ತೀರ್ಣದಲ್ಲಿ ಶೇ. 49ರವರೆಗೆ ಮಾತ್ರ ವಿದೇಶಿಯರ ಹೆಸರಿನಲ್ಲಿರಬಹುದು. ಲೆಕ್ಕ ಫ್ಲ್ಯಾಟುಗಳ ಸಂಖ್ಯೆಯದಲ್ಲ, ಚದರ ಮೀಟರಿನದು. ಆದ್ದರಿಂದ ಟೋಕನ್ ಹಣ ಕೊಡುವ ಮೊದಲು ಕಟ್ಟಡದ ಆಡಳಿತ ಕಚೇರಿಯಿಂದ ವಿದೇಶಿ ಕೋಟಾ ಪತ್ರ, ಅಂದರೆ ಈ ಮಿತಿಯೊಳಗೆ ಇನ್ನೂ ಜಾಗವಿದೆ ಎನ್ನುವ ಪತ್ರ, ಕೇಳಿ ಪಡೆಯಿರಿ. ಈ ಕಚೇರಿಯನ್ನು ಥಾಯ್‌ನಲ್ಲಿ ನಿತಿಬುಕ್ಕೊನ್ ಎನ್ನುತ್ತಾರೆ. ನೀತಿ, ಪುದ್ಗಲ ಎಂಬ ನಮ್ಮ ಕಿವಿಗೆ ಪರಿಚಯದ ಪದಗಳೇ ಅದರೊಳಗಿವೆ. ಕೋಟಾ ತುಂಬಿದ ಕಟ್ಟಡದಲ್ಲಿ ಥಾಯ್ ಕೋಟಾದ ಫ್ಲ್ಯಾಟನ್ನು ಕಡಿಮೆ ಬೆಲೆಗೆ ತೋರಿಸಿ, ಗುತ್ತಿಗೆಗೆ ತೆಗೆದುಕೊಳ್ಳಿ, ಎರಡೂ ಒಂದೇ ಎನ್ನುತ್ತಾರೆ. ಗುತ್ತಿಗೆಯಲ್ಲಿ ಸಿಗುವುದು ಇರುವ ಹಕ್ಕು, ಒಡೆತನವಲ್ಲ.

ಕೋಟಾ ಇದ್ದರೆ ಮುಂದಿನದು ದುಡ್ಡು, ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಥಾಯ್ಲೆಂಡಿನಲ್ಲಿ ಕಾಯಂ ವಾಸದ ಪರವಾನಗಿ ಇಲ್ಲದ ಸಾಮಾನ್ಯ ಕೊಳ್ಳುಗ ಪೂರ್ತಿ ಬೆಲೆಯನ್ನು ಹೊರದೇಶದಿಂದ ವಿದೇಶಿ ಕರೆನ್ಸಿಯಲ್ಲಿ ತಂದದ್ದಕ್ಕೆ ಪುರಾವೆ ಕೊಡಬೇಕು. ಬ್ಯಾಂಕಾಕಿನಲ್ಲಿ ದುಡಿದು ಬಾತ್‌ನಲ್ಲಿ ಉಳಿಸಿದ ಸಂಬಳ ಈ ಪುರಾವೆಗೆ ಬರುವುದಿಲ್ಲ. ಎಷ್ಟೋ ವರ್ಷ ಅಲ್ಲೇ ಕೆಲಸ ಮಾಡಿದವರಿಗೂ ಇದು ಲ್ಯಾಂಡ್ ಆಫೀಸಿನ ಕೌಂಟರಿನಲ್ಲೇ ಮೊದಲ ಸಲ ಗೊತ್ತಾಗುತ್ತದೆ.

ಮಾಡಬೇಕಾದದ್ದು ಹೀಗೆ. ಡಾಲರ್ ಅಥವಾ ಬೇರೆ ವಿದೇಶಿ ಕರೆನ್ಸಿಯಾಗಿಯೇ ಹಣ ಥಾಯ್ ಬ್ಯಾಂಕಿಗೆ ಬರಬೇಕು, ಬಾತ್‌ಗೆ ಬದಲಾಗುವುದು ಅಲ್ಲಿ. ಕಳಿಸುವ ಸಂಸ್ಥೆಯೇ ಮೊದಲು ಬಾತ್ ಮಾಡಿ ಕಳಿಸಿದರೆ ಪುರಾವೆಯ ಕೊಂಡಿ ಕಡಿದುಹೋಗುತ್ತದೆ. ಅಗ್ಗದ ಆ್ಯಪುಗಳಲ್ಲಿ ಆಗುವುದು ಸಾಮಾನ್ಯವಾಗಿ ಇದೇ. ಕಳಿಸುವಾಗ ಉದ್ದೇಶದ ಜಾಗದಲ್ಲಿ ಕಾಂಡೊ ಖರೀದಿಗೆ ಎಂದು, ಸಾಧ್ಯವಾದರೆ ಕಟ್ಟಡದ ಹೆಸರು, ಫ್ಲ್ಯಾಟ್ ಸಂಖ್ಯೆಯ ಸಮೇತ ಬರೆಸಿ. 50,000 ಡಾಲರಿಗೆ ಸಮನಾದ ಅಥವಾ ಹೆಚ್ಚಿನ ಮೊತ್ತಕ್ಕೆ ಥಾಯ್ ಬ್ಯಾಂಕ್ ವಿದೇಶಿ ವಿನಿಮಯ ವಹಿವಾಟು ನಮೂನೆ, ಅಂದರೆ ಎಫ್‌ಇಟಿ, ಕೊಡುತ್ತದೆ. ಅದಕ್ಕಿಂತ ಕಡಿಮೆ ಮೊತ್ತಕ್ಕೆ ಬ್ಯಾಂಕಿನ ಪತ್ರ ಕೇಳಿ ಪಡೆಯಬೇಕು. ಕಂತುಗಳಲ್ಲಿ ಕಳಿಸಿದರೆ ಪ್ರತಿ ಕಂತಿಗೂ ಒಂದೊಂದು ಕಾಗದ. ಮುಂದೆ ಫ್ಲ್ಯಾಟ್ ಮಾರಿ ಹಣ ಹೊರಗೆ ಒಯ್ಯುವಾಗ ಬ್ಯಾಂಕ್ ಕೇಳುವುದು ಇವೇ ಕಾಗದಗಳನ್ನು. ಹತ್ತು ವರ್ಷ ಬಿಟ್ಟು ಬೇಕಾದರೂ ಸಿಗುವಂತೆ ಇಡಿ.

ಹೆಸರು ಅಕ್ಷರಕ್ಷರ ಹೊಂದಬೇಕು. ಕನ್ನಡಿಗರಲ್ಲಿ ಇನಿಷಿಯಲ್ ಇಟ್ಟುಕೊಂಡವರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರು ಬಹಳ. ಬೆಂಗಳೂರಿನ ಬ್ಯಾಂಕ್ ಖಾತೆಯಲ್ಲಿ ಒಂದು ರೂಪ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಹಣ ಕಳಿಸುವ ಮೊದಲೇ ಖಾತೆಯ ಹೆಸರು ಸರಿಪಡಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರ ಹೆಸರಿಗೂ ಕೊಳ್ಳುವುದಾದರೆ ಇಬ್ಬರ ಹೆಸರಿನಲ್ಲೂ ಹಣ ಬಂದಿರಲಿ.

ಭಾರತದಲ್ಲಿ ವಾಸವಿರುವವರು ವಿದೇಶಕ್ಕೆ ಹಣ ಕಳಿಸಲೆಂದೇ ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಕಳಿಸಬೇಕು. ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ. ಕುಟುಂಬದವರ ಮಿತಿಗಳನ್ನು ಸೇರಿಸಬೇಕಾದರೆ ಅವರೂ ಆಸ್ತಿಯ ಸಹಮಾಲೀಕರಾಗಿರಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕ್ ಶೇ. 20 ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಾಗುವ ತೆರಿಗೆ, ಹಿಡಿಯುತ್ತದೆ (2025ರ ಏಪ್ರಿಲ್‌ನಿಂದ ಈ 10 ಲಕ್ಷದ ಗಡಿ). ರಿಟರ್ನ್ ಸಲ್ಲಿಸುವಾಗ ಅದು ತೆರಿಗೆಗೆ ವಜಾ ಆಗುತ್ತದೆ, ಆದರೆ ಅಲ್ಲಿಯತನಕ ಕೈಯಿಂದ ಹೊಂದಿಸಿಕೊಂಡಿರಬೇಕು. ರಿಟರ್ನಿನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಫ್ಲ್ಯಾಟನ್ನು ತೋರಿಸಲು ಮರೆಯಬೇಡಿ. ಬ್ಯಾಂಕಾಕಿನಲ್ಲೇ ನೆಲೆಸಿದ ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಅನಿವಾಸಿಗಳಿಗೆಂದೇ ಇರುವ ತಮ್ಮ ಎನ್‌ಆರ್‌ಇ ಖಾತೆಯಿಂದ ಡಾಲರಿನಲ್ಲಿ ತರಿಸಿಕೊಳ್ಳುವುದು ಸಲೀಸು.

ಹಳೆಯ ಫ್ಲ್ಯಾಟಾದರೆ ಲ್ಯಾಂಡ್ ಆಫೀಸಿನಲ್ಲಿ ಹಕ್ಕುಪತ್ರ ತೆಗೆಸಿ ನೋಡಿ. ಮಾರುವವರ ಹೆಸರು, ಅಡಮಾನ, ನ್ಯಾಯಾಲಯದ ಜಪ್ತಿ ಇದೆಯೇ ಎಂಬುದು ಹಿಂಬದಿಯಲ್ಲಿ ತಿಳಿಯುತ್ತದೆ. ಕಾಂಡೊ ಹಕ್ಕುಪತ್ರದ ಹೆಸರು ಓ ಚೋ 2. ಫ್ಲ್ಯಾಟನ್ನು ಕಣ್ಣಾರೆ ನೋಡುವಾಗ ಬಚ್ಚಲಿನ ಸೋರಿಕೆಯ ಜೊತೆಗೆ ಕಂಬ, ತೊಲೆಗಳಲ್ಲಿ ಬಿರುಕುಗಳನ್ನೂ ಹುಡುಕಿ. 2025ರ ಮಾರ್ಚ್ 28ರ ಮ್ಯಾನ್ಮಾರ್ ಭೂಕಂಪಕ್ಕೆ ಬ್ಯಾಂಕಾಕಿನ ಎತ್ತರದ ಕಟ್ಟಡಗಳು ಜೋರಾಗಿ ತೂಗಾಡಿದ್ದವು. ಅದರ ನಂತರ ಎಂಜಿನಿಯರರು ತಪಾಸಣೆ ಮಾಡಿದ ವರದಿಯನ್ನು ನಿತಿಬುಕ್ಕೊನ್ ಕಚೇರಿಯಲ್ಲಿ ಕೇಳಿ ಓದಿ. ಗೋಡೆಯ ಗಿಲಾವಿನ ಗೀರು ಬೇರೆ, ತೊಲೆಯ ಬಿರುಕು ಬೇರೆ.

ನೋಂದಣಿಯ ದಿನ ಬೇಕಾದವು: ಪಾಸ್‌ಪೋರ್ಟ್, ಎಫ್‌ಇಟಿ ಕಾಗದಗಳು, ವಿದೇಶಿ ಕೋಟಾ ಪತ್ರ, ಮಾರುವವರು ನಿರ್ವಹಣಾ ಶುಲ್ಕ ಬಾಕಿ ಉಳಿಸಿಲ್ಲ ಎಂಬ ಪತ್ರ, ಮೂಲ ಹಕ್ಕುಪತ್ರ, ಬೆಲೆಗೆ ಬ್ಯಾಂಕಿನ ಕ್ಯಾಷಿಯರ್ ಚೆಕ್. ಬಾಕಿ ಇಲ್ಲ ಎಂಬ ಪತ್ರಕ್ಕೆ ಅವಧಿ ಕಡಿಮೆ. ತಿಂಗಳು ಮೊದಲೇ ಮಾಡಿಸಿಟ್ಟರೆ ಉಪಯೋಗಕ್ಕೆ ಬರುವುದಿಲ್ಲ. ನೀವೇ ಹೋಗಲಾಗದಿದ್ದರೆ ಲ್ಯಾಂಡ್ ಆಫೀಸಿನದೇ ಓ ಚೋ 21 ಅಧಿಕಾರಪತ್ರ ಬಳಸಿ. ಖಾಲಿ ನಮೂನೆಗೆ ಮಾತ್ರ ಎಂದೂ ಸಹಿ ಹಾಕಬೇಡಿ.

ಖರ್ಚಿನ ಲೆಕ್ಕವನ್ನು 50 ಲಕ್ಷ ಬಾತಿನ ಫ್ಲ್ಯಾಟಿಗೆ ಹಾಕೋಣ. ಸರ್ಕಾರಿ ಮೌಲ್ಯವೂ ಅಷ್ಟೇ ಎಂದುಕೊಂಡರೆ ವರ್ಗಾವಣೆ ಶುಲ್ಕ ಶೇ. 2, ಅಂದರೆ 1,00,000 ಬಾತ್. ಇದನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುವುದು ವಾಡಿಕೆ. ಮಾರುವವರು ಕೊಂಡು ಐದು ವರ್ಷವಾಗಿರದಿದ್ದರೆ ಸಾಮಾನ್ಯವಾಗಿ ಶೇ. 3.3ರ ವಿಶೇಷ ವ್ಯಾಪಾರ ತೆರಿಗೆ, 1,65,000 ಬಾತ್. ಅದು ಅನ್ವಯಿಸದಿದ್ದರೆ ಶೇ. 0.5 ಮುದ್ರಾಂಕ, 25,000 ಬಾತ್. ಇವೂ, ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆಯೂ ಮಾರುವವರ ತಲೆಗೆ ಸೇರಿದವು, ಆದರೆ ಕರಾರಿನಲ್ಲಿ ಎಲ್ಲ ಶುಲ್ಕ ಕೊಳ್ಳುವವರದು ಎಂದು ಒಂದು ಸಾಲು ಸೇರಿಸಿಬಿಟ್ಟಿರುತ್ತಾರೆ. ಬೇರೆ ಸಾಲುಗಳನ್ನು ಓದುವ ಮೊದಲು ಈ ಸಾಲನ್ನು ಓದಿ.

ಆಮೇಲಿನದು ನಿರ್ವಹಣಾ ಶುಲ್ಕ. ಚದರ ಮೀಟರಿಗೆ ತಿಂಗಳಿಗೆ 50 ಬಾತ್ ಇರುವ ಕಟ್ಟಡದಲ್ಲಿ 35 ಚದರ ಮೀಟರ್ ಫ್ಲ್ಯಾಟಿಗೆ ವರ್ಷಕ್ಕೆ 21,000 ಬಾತ್. ಬಾಕಿ ಬಿಟ್ಟರೆ ವರ್ಷಕ್ಕೆ ಶೇ. 12ರವರೆಗೆ, ಆರು ತಿಂಗಳು ದಾಟಿದರೆ ಶೇ. 20ರವರೆಗೆ ಹೆಚ್ಚುವರಿ ಹಾಕಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ದಿನಬಾಡಿಗೆಗೆ ಬಿಟ್ಟು ಈ ಖರ್ಚು ಹೊರಡಿಸೋಣ ಎಂಬ ಲೆಕ್ಕ ಹಾಕಬೇಡಿ. ಪರವಾನಗಿ ಇಲ್ಲದೆ ದಿನ, ವಾರದ ಲೆಕ್ಕದಲ್ಲಿ ಕಾಂಡೊ ಕೊಡುವುದು 2004ರ ಹೋಟೆಲ್ ಕಾಯ್ದೆಗೆ ವಿರುದ್ಧ.

ಜಮೀನು

ಜಮೀನಿನ ಹಕ್ಕುಪತ್ರಗಳಲ್ಲಿ ಗಟ್ಟಿಯಾದದ್ದು ಚನೋಟ್. ಅದರ ಮೇಲಿನ ಗರುಡ ಲಾಂಛನ ಕೆಂಪು. ಹಸಿರು ಗರುಡದ ನೋ ಸೋ 3 ಕೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಸೋ ಪೋ ಕೋ ಎಂಬುದು ರೈತರಿಗೆ ಸರ್ಕಾರ ಕೊಟ್ಟ ಭೂಮಿ, ಅದರ ಮೇಲೆ ವಿಲ್ಲಾ ಕಟ್ಟಿ ತೋರಿಸಿದರೂ ಹತ್ತಿರ ಹೋಗಬೇಡಿ. ಅಳತೆ ರೈ ಲೆಕ್ಕದಲ್ಲಿರುತ್ತದೆ. ಒಂದು ರೈ 1,600 ಚದರ ಮೀಟರ್, ನಮ್ಮ ಹದಿನಾರು ಗುಂಟೆಗೆ ಸ್ವಲ್ಪ ಕಡಿಮೆ.

ಥಾಯ್ ಪಾಲುದಾರರ ಹೆಸರಿಟ್ಟು ಕಂಪನಿ ಮಾಡಿ ಅದರ ಹೆಸರಿಗೆ ಜಮೀನು ಕೊಳ್ಳುವ ಉಪಾಯಕ್ಕೆ ಕನ್ನಡದಲ್ಲಿ ಸರಿಯಾದ ಪದವಿದೆ: ಬೇನಾಮಿ. 1999ರ ವಿದೇಶಿ ವ್ಯಾಪಾರ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಸೆರೆ, 10 ಲಕ್ಷ ಬಾತ್‌ವರೆಗೆ ದಂಡವಿದೆ. ಥಾಯ್ ಹೆಂಡತಿ ಅಥವಾ ಗಂಡನ ಹೆಸರಿಗೆ ಕೊಳ್ಳಬಹುದು, ಆದರೆ ಆ ಹಣ ಥಾಯ್ ಸಂಗಾತಿಯ ಸ್ವಂತದ್ದು ಎಂದು ಇಬ್ಬರೂ ಲ್ಯಾಂಡ್ ಆಫೀಸಿನಲ್ಲಿ ಸಹಿ ಮಾಡಬೇಕು. ಆ ಸಹಿಯೊಂದಿಗೆ ಜಮೀನಿನ ಮೇಲೆ ನಿಮಗೆ ಹಕ್ಕಿಲ್ಲ ಎಂದು ನೀವೇ ಬರೆದುಕೊಟ್ಟಂತೆ.

ಉಳಿಯುವುದು ಗುತ್ತಿಗೆ. ಇದು ನಮ್ಮ ಭೋಗ್ಯದಂತಲ್ಲ, ಕೊಟ್ಟ ಹಣ ಅವಧಿ ಮುಗಿದ ಮೇಲೆ ವಾಪಸ್ ಬರುವುದಿಲ್ಲ. ಗರಿಷ್ಠ 30 ವರ್ಷ. ಮೂರು ವರ್ಷ ಮೀರಿದ ಗುತ್ತಿಗೆಯನ್ನು ಲ್ಯಾಂಡ್ ಆಫೀಸಿನಲ್ಲಿ ನೋಂದಾಯಿಸದಿದ್ದರೆ ಮೂರು ವರ್ಷಕ್ಕಷ್ಟೇ ಬೆಲೆ. ನೋಂದಣಿಗೆ ಒಟ್ಟು ಬಾಡಿಗೆಯ ಶೇ. 1 ಶುಲ್ಕ, ಶೇ. 0.1 ಮುದ್ರಾಂಕ. 30+30+30 ಎಂದು ತೊಂಬತ್ತು ವರ್ಷ ಮಾರುವ ಜಾಹೀರಾತುಗಳಲ್ಲಿ ನೋಂದಣಿಯಾಗುವುದು ಮೊದಲ ಮೂವತ್ತು ಮಾತ್ರ. ಉಳಿದ ಅರವತ್ತು ಮಾಲೀಕನ ಮಾತು, ಜಮೀನು ಕೈ ಬದಲಾದರೆ ಹೊಸ ಮಾಲೀಕನಿಗೆ ಅದರ ಹಂಗಿಲ್ಲ. ಬೆಲೆ ಕಟ್ಟುವಾಗ ಮೂವತ್ತು ವರ್ಷಕ್ಕಷ್ಟೇ ಕಟ್ಟಿ. ಗುತ್ತಿಗೆದಾರ ತೀರಿಕೊಂಡರೆ ಗುತ್ತಿಗೆಯೂ ಮುಗಿಯಿತು ಎಂಬುದು ಅಲ್ಲಿನ ನ್ಯಾಯಾಲಯಗಳ ನಿಲುವು, ಹಾಗಾಗಿ ವಾರಸುದಾರರಿಗೆ ಮುಂದುವರಿಯಬೇಕು ಎಂಬ ಷರತ್ತನ್ನು ಕರಾರಿನಲ್ಲಿ ಬರೆಸಿ. ಗುತ್ತಿಗೆ ಜಮೀನಿನ ಮೇಲೆ ಮನೆ ಕಟ್ಟುವುದಾದರೆ ಕಟ್ಟಡ ನಿಮ್ಮದು ಎನ್ನುವ ಹಕ್ಕನ್ನೂ ಬೇರೆಯಾಗಿ ನೋಂದಾಯಿಸಿ, ಕಟ್ಟಡ ಪರವಾನಗಿ ನಿಮ್ಮ ಹೆಸರಿನಲ್ಲೇ ಇರಲಿ.

ಕಾಂಡೊ ಇರುವವರು ಥಾಯ್ಲೆಂಡಿನ ಆಸ್ತಿಗೆಂದೇ ಅಲ್ಲೇ ಒಂದು ಉಯಿಲು ಬರೆಸಿಡಿ. ವಿದೇಶಿ ವಾರಸುದಾರರು ಆಸ್ತಿ ಬಂದ 60 ದಿನದೊಳಗೆ ಲ್ಯಾಂಡ್ ಆಫೀಸಿಗೆ ತಿಳಿಸಬೇಕು. ಸ್ವಂತವಾಗಿ ಇಟ್ಟುಕೊಳ್ಳುವ ಅರ್ಹತೆ ಅವರಿಗೆ ಇಲ್ಲದಿದ್ದರೆ ಒಂದು ವರ್ಷದೊಳಗೆ ಮಾರಬೇಕು. ಊರಿನಲ್ಲಿರುವ ಮಕ್ಕಳಿಗೆ ಹಕ್ಕುಪತ್ರ ಎಲ್ಲಿದೆ, ಎಫ್‌ಇಟಿ ಕಾಗದಗಳು ಎಲ್ಲಿವೆ ಎಂಬುದನ್ನು ಇವತ್ತೇ ಹೇಳಿಡಿ.