ಹತ್ತು ಲೀಟರಿನ ಟ್ಯಾಂಕಿಗೆ ಆರೇ ಲೀಟರು

ಈ ಸಲ ನಮ್ಮ ಎರಡು ಎಕರೆ ತೋಟದಲ್ಲಿ ಕೊಳೆರೋಗಕ್ಕೆ ಉದುರಿದ ಅಡಿಕೆ ಹೆಕ್ಕಿ ಹಾಕಿದರೆ ಮೂರು ಬುಟ್ಟಿ ತುಂಬಲಿಲ್ಲ. ಔಷಧಿ ಹೊಡೆದದ್ದು ಡ್ರೋನಿನಲ್ಲಿ. ಕೆಳಗಿನ ಮನೆ ಭಾವ ತಾನಾಗಿ ಬಂದು ಬುಟ್ಟಿ ಬಗ್ಗಿ ನೋಡಿ ಹೋದ. ಮೂರು ವರ್ಷ ನನ್ನನ್ನು ‘ಹೆಲಿಕಾಪ್ಟರ್ ಹೆಗಡೆ’ ಎಂದು ಕರೆದವನು ಅವನೇ. "ಮೇಲಿಂದ ಹೊಡೆದ್ರೆ ಸೋಗೆ ಒದ್ದೆಯಾಗ್ತು, ಕೊನೆ ಒಣಗೇ ಇರ್ತು" ಅನ್ನುವುದು ಅವನ ವಾದ. ಕೊನೆ ಅಂದರೆ ಸೋಗೆಯ ಅಡಿಯಲ್ಲಿರುವ ಅಡಿಕೆ ಗೊಂಚಲು.

ವಾದ ಸುಳ್ಳಲ್ಲ. ಎತ್ತರದಲ್ಲಿ ಸುಮ್ನೆ ಆಚೀಚೆ ಓಡಿಸಿದರೆ ಹಾಗೇ ಆಗುತ್ತದೆ. ಕೊನೆಗೆ ತಾಗಬೇಕೆಂದರೆ ಮರದ ನೆತ್ತಿಯಿಂದ ಆರೇಳು ಅಡಿಗೆ ಇಳಿಯಬೇಕು. ರೆಕ್ಕೆಯ ಗಾಳಿಗೆ ಸೋಗೆ ಅಗಲಬೇಕು. ಒಂದೊಂದು ಮರದ ಮೇಲೂ ನಿಲ್ಲಬೇಕು. ಅಷ್ಟು ಕೆಳಗೆ, ನಿಂತಲ್ಲೇ ನಿಂತಾಗ ಏನಾದರೂ ಕೈಕೊಟ್ಟರೆ ಸರಿಪಡಿಸಲು ಸಮಯವೇ ಇರುವುದಿಲ್ಲ. ನನ್ನ ಮೂರು ವರ್ಷ, ರಿಪೇರಿಯ ದುಡ್ಡು ಹೆಚ್ಚುಕಡಿಮೆ ಒಂದೂಮುಕ್ಕಾಲು ಲಕ್ಷ, ಎಲ್ಲ ಹೋದದ್ದು ಆ ಆರೇಳು ಅಡಿಗೇ.

ಶುರು ಮಾಡಿದ್ದು ಡ್ರೋನಿನಿಂದ ಅಲ್ಲ. ಜಪಾನಿನಲ್ಲಿ ಯಮಹಾ ಕಂಪನಿ 1980ರ ದಶಕದ ಕೊನೆಯಲ್ಲೇ ಚಾಲಕನಿಲ್ಲದ ಹೆಲಿಕಾಪ್ಟರ್ ಮಾಡಿ ಭತ್ತದ ಗದ್ದೆಗೆ ಔಷಧಿ ಹೊಡೆಯಲು ಕೊಟ್ಟಿತ್ತು ಎಂದು ಓದಿದ್ದೆ. ಒಂದೇ ದೊಡ್ಡ ರೋಟರ್ ಇದ್ದರೆ ಕೆಳಗೆ ತಳ್ಳುವ ಗಾಳಿ ಜೋರು, ಸೋಗೆ ಚೆನ್ನಾಗಿ ಬಿಡಿಸುತ್ತದೆ ಎಂಬ ಲೆಕ್ಕ ನನ್ನದು. ಬೆಂಗಳೂರಿನ ಹವ್ಯಾಸಿಯೊಬ್ಬರಿಂದ ಪೆಟ್ರೋಲ್ ಎಂಜಿನ್ನಿನ ಮಾಡೆಲ್ ಹೆಲಿಕಾಪ್ಟರ್ ಸೆಕೆಂಡ್ ಹ್ಯಾಂಡ್ ತಂದೆ. ತೊಂಬತ್ತು ಸಾವಿರವೋ ತೊಂಬತ್ತೈದೋ. ರೋಟರ್ ಆ ತುದಿಯಿಂದ ಈ ತುದಿಗೆ ಐದಡಿ. ಔಷಧಿ ಹೊರಿಸುವುದು ಆಮೇಲೆ, ಮೊದಲು ಹಾರಿಸಲು ಕಲಿಯೋಣ ಎಂದು ಕೊಯ್ಲಾದ ಗದ್ದೆಗೆ ಒಯ್ದೆ.

ನಾಲ್ಕನೇ ವಾರ. ಹತ್ತಡಿ ಎತ್ತರದಲ್ಲಿ ನಿಲ್ಲಿಸಿದ್ದೆ. ಟಪ್ ಎಂದಿತು. ಬಾಲದ ರೋಟರಿಗೆ ಹೋಗುವ ಬೆಲ್ಟು ಹರಿದಿತ್ತು. ಯಂತ್ರ ಗರಗರ ತಿರುಗತೊಡಗಿತು. ನನ್ನ ಹೆಬ್ಬೆರಳು ತಾನಾಗಿ ಥ್ರಾಟಲ್ ಏರಿಸಿತು. ಮಾಡಬಾರದ್ದು ಅದೇ. ಎಂಜಿನ್ ತಳ್ಳಿದಷ್ಟೂ ಮೈ ಉಲ್ಟಾ ತಿರುಗುತ್ತದೆ, ಅದನ್ನು ತಡೆಯುವುದೇ ಬಾಲದ ರೋಟರ್. ಎಂಜಿನ್ನಿನ ಶಕ್ತಿ ತೆಗೆದು, ರೋಟರಿನಲ್ಲಿ ಉಳಿದ ಓಟವನ್ನೇ ಪಿಚ್ (ರೆಕ್ಕೆಯ ಓರೆ) ಕೊಟ್ಟು ಖರ್ಚು ಮಾಡಿ ಮೆಲ್ಲಗೆ ಕೂರಿಸಬೇಕಿತ್ತು. ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಐವತ್ತು ಸಲ ಮಾಡಿದ್ದೆ, ಗದ್ದೆಯಲ್ಲಿ ಬೆರಳು ಕೇಳಲಿಲ್ಲ. ಮೂವತ್ತೆಂಟು ಸಾವಿರ ರೂಪಾಯಿ ಗದ್ದೆಯ ಬದುವಿಗೆ ಗುದ್ದಿ ಚೂರಾಯಿತು. ಬೆಲ್ಟಿನ ಬೆಲೆ ಏಳುನೂರು ಇರಬಹುದು. ತುಂಡು ಹಿಡಿದು ನೋಡಿದರೆ ಹಲ್ಲು ಸವೆದದ್ದು ಬರಿಗಣ್ಣಿಗೇ ಕಾಣುತ್ತಿತ್ತು.

ದೊಡ್ಡಮ್ಮನ ಮಗ ಅಣ್ಣ ಕಾರವಾರದಲ್ಲಿದ್ದಾನೆ. ನೌಕಾದಳದಲ್ಲಿ ಚೇತಕ್ ಹೆಲಿಕಾಪ್ಟರಿನ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಅವನ ಹತ್ತಿರ ಗೋಳು ಹೇಳಿಕೊಳ್ಳಲು ಹೋದೆ. ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ನಿಲ್ಲಿಸಿದ್ದಾರಲ್ಲ, ಅಲ್ಲೇ ಹತ್ತಿರ ಕೂತು ಮರಳಿನ ಮೇಲೆ ಬೆರಳಿನಲ್ಲಿ ಒಂದು ಗೆರೆ ಎಳೆದು ತೋರಿಸಿದ. ಎಂಜಿನ್ ನಿಂತರೂ ಹೆಲಿಕಾಪ್ಟರ್ ಆಟೋರೊಟೇಶನ್ನಿನಲ್ಲಿ, ಅಂದರೆ ಕೆಳಗಿನಿಂದ ಬರುವ ಗಾಳಿಗೇ ರೋಟರ್ ತಿರುಗುತ್ತಾ, ಇಳಿಯುತ್ತದೆ, ಸರಿ. ಆದರೆ ಅದಕ್ಕೆ ಎತ್ತರ ಬೇಕು, ಇಲ್ಲವೇ ವೇಗ ಬೇಕು. ಎರಡೂ ಸಾಲದ ಜಾಗಕ್ಕೆ ಪೈಲಟ್‌ಗಳು ಡೆಡ್ ಮ್ಯಾನ್ಸ್ ಕರ್ವ್ ಅನ್ನುತ್ತಾರೆ. "ತಮಾ, ನೀ ಹೇಳ ಕೆಲಸ ಪೂರಾ ಅದರೊಳಗೇ ಇದ್ದು" ಅಂದ. ಡ್ರೋನಿಗೆ ಆಟೋರೊಟೇಶನ್ ಕೂಡ ಇಲ್ಲ, ರೆಕ್ಕೆಯ ಪಿಚ್ ಬದಲಾಗುವುದೇ ಇಲ್ಲವಲ್ಲ ಎಂದು ನಾನು ಹೇಳಿದ್ದಕ್ಕೆ, "ಹಾಂಗಾರೆ ಬೀಳದು ಖಂಡಿತ ಅಂತ ಮಾಡ್ಕಂಡೇ ಹಾರ್ಸು" ಎಂದು ಎದ್ದ.

ಅವತ್ತು ಅವನು ಹೇಳಿದ ಇನ್ನೆರಡು ಮಾತು ಆಮೇಲೆ ಬರುತ್ತದೆ.

ಮರುವರ್ಷ ಹತ್ತು ಲೀಟರಿನ ಡ್ರೋನ್ ತಗೊಂಡೆ, ಆರು ಮೋಟರಿನದು. ಬ್ಯಾಟರಿ ನಾಲ್ಕು ಸೆಟ್ಟು, ಚಾರ್ಜರ್, ಪೈಲಟ್ ತರಬೇತಿ ಎಲ್ಲ ಸೇರಿ ಏಳು ಲಕ್ಷದ ಹತ್ತಿರ. ನಾಲ್ಕು ಮೋಟರಿನದು ಅರವತ್ತು ಸಾವಿರ ಕಡಿಮೆಗೆ ಸಿಗುತ್ತಿತ್ತು. ನಾಲ್ಕರಲ್ಲಿ ಒಂದು ಹೋದರೆ ಕಲ್ಲಿನ ಹಾಗೆ ಬೀಳುತ್ತದೆ, ಆರರಲ್ಲಿ ಒಂದು ಹೋದರೆ ಏನೋ ಒಂದು ಆಸೆ ಇರುತ್ತದೆ. ಆ ಆಸೆಗೇ ಅರವತ್ತು ಸಾವಿರ.

ಮೊದಲ ಏಟು ಕೊಟ್ಟಿದ್ದು ಮೋಟರ್ ಅಲ್ಲ, ಕೆಳಗಿನ ರೇಡಾರು. ಗದ್ದೆ, ಕಬ್ಬಿಗೆ ಅದು ಬಂಗಾರ. ಬೆಳೆಯ ಎತ್ತರ ಅಳೆದು ತಾನೇ ಏರಿ ಇಳಿಯುತ್ತದೆ. ಅಡಿಕೆ ತೋಟ ಹಾಗಲ್ಲ. ಎರಡು ಮರದ ನಡುವಿನ ಸಂದಿಗೆ ಬಂದಾಗ ಅದಕ್ಕೆ ಕಂಡದ್ದು ನಲವತ್ತೈದು ಅಡಿ ಕೆಳಗಿನ ನೆಲ. ಎತ್ತರ ಜಾಸ್ತಿಯಾಯಿತು ಅಂದುಕೊಂಡು ಧುಮುಕಿತು. ಸೋಗೆಯಲ್ಲಿ ಸಿಕ್ಕಿ, ಹಾಳೆಯ ಜೊತೆಗೇ ಬಸಿಗಾಲುವೆಗೆ ಬಿತ್ತು. ಮೋಟರ್ ಹೊತ್ತ ಎರಡು ಕೈ, ನಾಲ್ಕು ರೆಕ್ಕೆ, ಟ್ಯಾಂಕು: ಅರವತ್ತೆಂಟು ಸಾವಿರ. ಮಾರಿದವರಿಗೆ ಫೋನು ಮಾಡಿದರೆ "ಸಾರ್, ರೇಡಾರ್ ಸರಿಯಾಗೇ ಕೆಲಸ ಮಾಡಿದೆ" ಅಂದರು. ಮಾಡಿತ್ತು, ಅಲ್ವಾ? ಈಗ ತೋಟದ ಮೇಲೆ ಅದನ್ನು ಬಂದ್ ಮಾಡಿಯೇ ಹಾರಿಸುವುದು. ಎತ್ತರ ನೋಡುವುದು ನನ್ನ ಕಣ್ಣು.

ಅದಕ್ಕೆ ನಿಲ್ಲುವ ಜಾಗ ಬದಲಾಯಿಸಿದೆ. ತೋಟದೊಳಗೆ ನಿಂತು ಕತ್ತೆತ್ತಿ ನೋಡಿದರೆ ಆರಡಿಯೂ ಒಂದೇ, ಹದಿನಾರಡಿಯೂ ಒಂದೇ. ನಮ್ಮ ಕಡೆಯ ತೋಟ ಎಲ್ಲ ಕಣಿವೆಯಲ್ಲಿ, ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟದ ಅಂಚಿಗೆ ಹತ್ತಿ ನಿಂತರೆ ಮರದ ನೆತ್ತಿ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಅಡ್ಡದಿಂದ ನೋಡಿದರೆ ಡ್ರೋನಿನ ಕಾಲಿಗೂ ಸೋಗೆಗೂ ನಡುವೆ ಎಷ್ಟು ಬೆಳಕು ಎಂದು ಗೊತ್ತಾಗುತ್ತದೆ. ಎದುರು ದಿಬ್ಬದಲ್ಲಿ ಮಗ ನಿಲ್ಲುತ್ತಾನೆ. ಅವನ ಕೈಯಲ್ಲಿ ಕೆಂಪು ಟವೆಲ್ಲು. ಟವೆಲ್ಲು ಎದ್ದರೆ ನಾನು ಪ್ರಶ್ನೆ ಕೇಳದೆ ಏರಿಸುತ್ತೇನೆ. ಇದಕ್ಕೆ ಖರ್ಚು ಸೊನ್ನೆ.

ಇಳಿಸುವುದರಲ್ಲೂ ಒಂದು ಮೋಸ ಇದೆ. ನಿಂತಲ್ಲಿಂದ ನೆಟ್ಟಗೆ ಬೇಗ ಇಳಿಸಿದರೆ ಡ್ರೋನ್ ತಾನು ತಳ್ಳಿದ ಗಾಳಿಯೊಳಗೆ ತಾನೇ ಬೀಳುತ್ತದೆ. ದೊಡ್ಡ ಹೆಲಿಕಾಪ್ಟರಿಗೂ ಇದೇ ಕಾಟ. ಮೈ ನಡುಗಿ ಧೊಪ್ಪನೆ ಕುಸಿಯುತ್ತದೆ, ಥ್ರಾಟಲ್ ಕೊಟ್ಟಷ್ಟೂ ಕುಸಿಯುತ್ತದೆ. ಮುಂದಕ್ಕೋ ಪಕ್ಕಕ್ಕೋ ಸರಿಸಿದರೆ ಮಾತ್ರ ಬಚಾವ್. ನಾನು ಈಗ ನೆಟ್ಟಗೆ ಇಳಿಸುವುದೇ ಇಲ್ಲ. ಓರೆಯಾಗಿ, ಮೆಟ್ಟಿಲು ಇಳಿದ ಹಾಗೆ.

ಎರಡನೇ ಏಟು ಎರಡನೇ ವರ್ಷದ ಆರಿದ್ರೆ ಮಳೆಯಲ್ಲಿ. ಮಳೆ ಹೊಳವಾದದ್ದು ನೋಡಿಕೊಂಡು ಬೆಳಿಗ್ಗೆ ಏಳಕ್ಕೇ ಶುರು ಮಾಡಿದ್ದೆ. ಟ್ಯಾಂಕು ಖಾಲಿಯಾಗಿ ವಾಪಸ್ ಬರುವಾಗ ಸದ್ದು ಬದಲಾಯಿತು. ಜೇನು ಹಾರಿದ ಹಾಗಿದ್ದ ಸದ್ದು ಒಡಕು ಡೋಲಿನ ಹಾಗಾಯಿತು. ಮೂರನೇ ಮೋಟರ್ ನಿಂತಿತ್ತು. ಡ್ರೋನ್ ಬೀಳಲಿಲ್ಲ. ಬುಗುರಿಯ ಹಾಗೆ ನಿಧಾನ ಸುತ್ತುತ್ತಾ ಬಂದು ಅಂಗಳದಾಚೆಯ ಹುಲ್ಲಿನ ಮೇಲೆ ಕೂತಿತು. ನನ್ನ ಕಾಲು ಆಮೇಲೂ ಹತ್ತು ನಿಮಿಷ ನಡುಗುತ್ತಿತ್ತು.

ಬಿಚ್ಚಿ ನೋಡಿದರೆ ಮೋಟರಿನ ವೈರು ಸೇರುವ ಕನೆಕ್ಟರ್ ಹಸಿರು. ದೇವರ ಮನೆಯ ತೊಳೆಯದ ತಂಬಿಗೆಯ ಕಿಲುಬು ಹೇಗಿರುತ್ತದೋ ಹಾಗೆ. ಔಷಧಿಯಲ್ಲಿರುವ ಮೈಲುತುತ್ತದ ಮಂಜು ಎರಡು ಮಳೆಗಾಲ ಅಲ್ಲಿ ಕೂತು ತಿಂದಿತ್ತು. ಆಗ ಅಣ್ಣನ ಮಾತು ನೆನಪಾಯಿತು. ಸಮುದ್ರದ ಮೇಲೆ ಹಾರಿ ಬಂದ ಹೆಲಿಕಾಪ್ಟರನ್ನು ಅವರು ಸಿಹಿನೀರಿನಲ್ಲಿ ತೊಳೆಯದೆ ಒಳಗೆ ಒಯ್ಯುತ್ತಿರಲಿಲ್ಲವಂತೆ. ಉಪ್ಪಿನ ಜಾಗದಲ್ಲಿ ಮೈಲುತುತ್ತ ಅಂದುಕೊಳ್ಳಿ. ಈಗ ದಿನದ ಕೆಲಸ ಮುಗಿದ ಕೂಡಲೇ ಐದು ಲೀಟರ್ ಬರೀ ನೀರು ಪಂಪಿನಲ್ಲಿ ಓಡಿಸಿ, ಒದ್ದೆ ಬಟ್ಟೆಯಲ್ಲಿ ಕೈ, ಮೋಟರಿನ ಹೊರಮೈ ಒರೆಸಿ, ಬ್ಲೋವರಿನಲ್ಲಿ ಒಣಗಿಸಿ, ಕನೆಕ್ಟರಿಗೆ ಸಿಲಿಕೋನ್ ಗ್ರೀಸ್. ನಲವತ್ತು ನಿಮಿಷ ಬೇಕು. ಊಟ ತಡವಾಗುತ್ತದೆ ಎಂದು ಮನೆಯಲ್ಲಿ ಜಗಳ.

ಅವನ ಇನ್ನೊಂದು ಮಾತು ನಟ್ಟಿನದು. ಬಿಗಿ ಮಾಡಿದ ಪ್ರತಿ ನಟ್ಟಿನಿಂದ ಮೈಗೆ ಸೇರಿ ಒಂದು ಬಣ್ಣದ ಗೆರೆ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. ಹೆಂಡತಿಯ ಕೆಂಪು ನೈಲ್ ಪಾಲಿಶ್ ಒಂದು ಬಾಟಲಿ ಖಾಲಿ. ಮಡಚುವ ಕೈಯ ಕ್ಲಾಂಪಿನ ನಟ್ಟು ಈ ವರ್ಷ ಎರಡು ಸಲ ಸಡಿಲಾದದ್ದು ಆ ಗೆರೆಯಿಂದಲೇ ಸಿಕ್ಕಿತು, ಹಾರುವ ಮೊದಲೇ.

ಆರು ಲೀಟರಿನ ಲೆಕ್ಕ ಹುಟ್ಟಿದ್ದು ಆ ಮೂರನೇ ಮೋಟರಿನಿಂದ. ಟ್ಯಾಂಕು ಖಾಲಿ ಇದ್ದದ್ದಕ್ಕೆ ಉಳಿಯಿತು, ತುಂಬಿದ್ದರೆ? ನೋಡಿಯೇ ಬಿಡೋಣ ಎಂದು ಗದ್ದೆಯಲ್ಲಿ ನಾಲ್ಕು ಗೂಟ ಹೊಡೆದೆ. ತೆಂಗಿನ ಹಗ್ಗದಲ್ಲಿ ಡ್ರೋನಿನ ಕಾಲು ಕಟ್ಟಿ, ಮೂರಡಿಗಿಂತ ಮೇಲೆ ಹೋಗದ ಹಾಗೆ ಮಾಡಿ, ಒಂದು ಮೋಟರಿನ ವೈರು ಬಿಚ್ಚಿ ಎತ್ತಿದೆ. ನಾಲ್ಕು ಲೀಟರ್ ನೀರಿಗೆ ಎದ್ದು ನಿಂತಿತು. ಆರಕ್ಕೆ ಎದ್ದಿತು, ಸುತ್ತುತ್ತಾ ನಿಂತಿತು. ಏಳಕ್ಕೆ ತೂರಾಡಿತು. ಎಂಟಕ್ಕೆ ಮಗುಚಿ ಹಗ್ಗ ಜಗ್ಗಿತು, ಒಂದು ಜೊತೆ ರೆಕ್ಕೆ ಹೋಯಿತು, ಮೂರು ಸಾವಿರ. ಅಲ್ಲಿಗೆ ನಿಲ್ಲಿಸಿದೆ. ನಿಮ್ಮ ಯಂತ್ರಕ್ಕೆ ಲೆಕ್ಕ ಬೇರೆ ಬರಬಹುದು. ಹಗ್ಗ ಕಟ್ಟದೆ ಇದನ್ನು ಮಾಡಬೇಡಿ.

ಆರೇ ಲೀಟರ್ ಅಂದಾಗ ಡ್ರೋನ್ ಇಟ್ಟುಕೊಂಡ ಗೆಳೆಯರೆಲ್ಲ ನಕ್ಕರು. ಸುತ್ತು ಜಾಸ್ತಿ, ಬ್ಯಾಟರಿ ಜಾಸ್ತಿ. ನಿಜ. ಎಕರೆಗೆ ಐನೂರೈವತ್ತು ಮರ ಹಿಡಿದರೆ ನನಗೆ ಇಪ್ಪತ್ತೆರಡು ಸುತ್ತು. ಹತ್ತು ತುಂಬಿದರೆ ಹದಿನಾಲ್ಕರಲ್ಲಿ ಮುಗಿಯುತ್ತಿತ್ತು. ಆದರೆ ಹಗುರ ಇರುವುದರಿಂದ ಒಂದು ಬ್ಯಾಟರಿ ಸೆಟ್ಟಿನಲ್ಲಿ ಎರಡು ಸುತ್ತು ಬರುತ್ತದೆ. ವೋಲ್ಟೇಜ್ 44ಕ್ಕೆ ಬಂದರೆ ಟ್ಯಾಂಕಿನಲ್ಲಿ ಎಷ್ಟೇ ಉಳಿದಿರಲಿ, ಇಳಿಸಿಬಿಡುತ್ತೇನೆ. ಹತ್ತು ತುಂಬಿಸುತ್ತಿದ್ದ ಗೆಳೆಯನೊಬ್ಬನ ಡ್ರೋನ್ ಹೋದ ವರ್ಷ ತೋಟದ ಮಧ್ಯೆ ಬಿತ್ತು. ಅವನ ಈಗಿನ ಲೆಕ್ಕವೂ ಆರೇ.

ಇನ್ನು ಕೊನೆಗೆ ತಾಗುತ್ತದೋ ಇಲ್ಲವೋ ಎನ್ನುವ ಪ್ರಶ್ನೆ. ಹನಿ ಬಿದ್ದದ್ದು ತೋರಿಸಲೆಂದೇ ಮಾರುವ ಕಾಗದ ದುಬಾರಿ. ನಾನು ಬಿಳಿ ಕಾಗದಕ್ಕೆ ಅರಿಶಿನದ ನೀರು ಹಚ್ಚಿ ಒಣಗಿಸಿದೆ. ಮರ ಹತ್ತಿ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕೊನೆಗೌಡ ಇಪ್ಪತ್ತು ಮರ ಹತ್ತಿ ಕೊನೆಯ ಮೇಲೆ, ಪಕ್ಕಕ್ಕೆ, ಅಡಿಗೆ ಕಟ್ಟಿದ. ಟ್ಯಾಂಕಿಗೆ ಬರೀ ಸುಣ್ಣದ ತಿಳಿ. ಹನಿ ಬಿದ್ದಲ್ಲೆಲ್ಲ ಓಕುಳಿ ಕೆಂಪು! ಹದಿನೈದಡಿ ಎತ್ತರದಿಂದ ಹೊಡೆದಾಗ ಅಡಿಯ ಕಾಗದ ಹಳದಿಯಾಗೇ ಬಂತು, ಭಾವ ಹೇಳಿದ ಹಾಗೆ. ಆರೇಳಡಿಗೆ ಇಳಿದು ಒಂದು ಮರಕ್ಕೆ ಆರು ಸೆಕೆಂಡ್ ನಿಂತಾಗ ಅಡಿಯಲ್ಲೂ ಕೆಂಪು ಚುಕ್ಕಿ. ಕೊನೆಗೌಡ ಕಾಗದ ತಿರುಗಿಸಿ ನೋಡಿ, "ಹೆಗಡೇರೆ, ನಾ ಕೈಯಲ್ಲಿ ಹೊಡೆದ್ರೂ ಅಡಿಗೆ ಇಷ್ಟೇ ಬೀಳೂದು" ಅಂದ. ನನಗೆ ಅಷ್ಟು ಸಾಕಿತ್ತು.

ಬೋರ್ಡೋ ದ್ರಾವಣದ ಬಗ್ಗೆ ನಿಮಗೆ ಹೇಳುವುದೇನಿಲ್ಲ, ನೂರು ಲೀಟರಿಗೆ ಮೈಲುತುತ್ತ, ಸುಣ್ಣ ಒಂದೊಂದು ಕಿಲೋ, ಕತ್ತಿ ಅದ್ದಿ ನೋಡುವುದು ಎಲ್ಲ ಗೊತ್ತಿದ್ದದ್ದೇ. ಡ್ರೋನಿಗೆ ನಾನು ಯಾವ ಹದಕ್ಕೆ ಕಲಸುತ್ತೇನೆ, ಅಂಟು ಯಾವಾಗ ಹಾಕುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಮೂರು ವರ್ಷ ತಗುಲಿದೆ. ಸುಣ್ಣವನ್ನು ಹಳೆ ಪಂಚೆಯ ಎರಡು ಪದರದಲ್ಲಿ ಸೋಸಿ, ಇಲ್ಲದಿದ್ದರೆ ನಾಜಲ್ ಹತ್ತೇ ನಿಮಿಷಕ್ಕೆ ಕಟ್ಟುತ್ತದೆ. ಇಷ್ಟು ಧರ್ಮಕ್ಕೆ.

ನಡುವೆ ಮಂಗ ಓಡಿಸಲೂ ಬಳಸಿ ನೋಡಿದೆ. ಮೊದಲ ದಿನ ಮಂಗಗಳು ಬೆಟ್ಟ ದಾಟಿ ಓಡಿದವು. ಎರಡನೇ ದಿನ ಪಕ್ಕದ ತೋಟಕ್ಕೆ ಹೋದವು. ನಾಲ್ಕನೇ ದಿನ ಹಲಸಿನ ಮರದಲ್ಲಿ ಕೂತು ಡ್ರೋನನ್ನೇ ನೋಡುತ್ತಾ ಹಣ್ಣು ತಿಂದವು. ಬಿಟ್ಟೆ.

ಕಾರವಾರಕ್ಕೆ ತಂದು ಒಂದು ಸಲ ಹಾರಿಸಿ ತೋರಿಸು ಎಂದು ಅಣ್ಣ ಕರೆಯುತ್ತಾನೆ. ಅಲ್ಲಿ ನೌಕಾನೆಲೆ, ಒಳಗೆ ಕೈಗಾ ಅಣುಸ್ಥಾವರ. ಎಲ್ಲಿ ಡ್ರೋನ್ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಆ ಕಡೆ ನಾನು ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯುವುದಿಲ್ಲ. ನಮ್ಮ ತೋಟ ಹಸಿರು ವಲಯದಲ್ಲಿದೆ, 400 ಅಡಿ ತನಕ ಬಿಡುತ್ತಾರೆ. ನನಗೆ ಅರವತ್ತಡಿ ದಾಟುವ ಕೆಲಸವೇ ಇಲ್ಲ. ಅವನೇ ಸಿರಸಿಗೆ ಬಂದು ನೋಡಿದ. ಹೋಗುವಾಗ ನಟ್ಟಿನ ಕೆಂಪು ಗೆರೆ ಒಂದೊಂದನ್ನೂ ಉಗುರಿನಲ್ಲಿ ಕೆರೆದು ಪರೀಕ್ಷೆ ಮಾಡಿದ.

ಡ್ರೋನಿನ ದುಡ್ಡು ಇನ್ನೂ ಪೂರ್ತಿ ಹುಟ್ಟಿಲ್ಲ. ಈ ವರ್ಷ ಬೇರೆಯವರ ಒಂಬತ್ತು ಎಕರೆ ಹೊಡೆದು ನಲವತ್ತು ಸಾವಿರ ಚಿಲ್ಲರೆ ಬಂತು, ಒಂದು ಬ್ಯಾಟರಿ ಸೆಟ್ಟು ಉಬ್ಬಿ ಅದರಲ್ಲಿ ಮೂವತ್ತೆಂಟು ಹೋಯಿತು. ನಮ್ಮ ತೋಟಕ್ಕೆ ಕೊನೆಗೌಡನ ಕೂಲಿ ಉಳಿಯಲಿಲ್ಲ, ಮೊದಲ ಸಾಲಿನ ಗಿಡ್ಡ ಮರ, ವಿದ್ಯುತ್ ತಂತಿಯ ಪಕ್ಕದ ಮರ ಎಲ್ಲ ಇನ್ನೂ ಅವನದೇ. ತಂತಿಯ ಇಪ್ಪತ್ತಡಿ ಒಳಗೆ ನಾನು ಹೋಗುವುದಿಲ್ಲ.

ಬುಟ್ಟಿ ನೋಡಿ ಹೋದ ಭಾವ ಮೊನ್ನೆ ಕವಳದ ಬಟ್ಟಲು ಮುಂದಿಟ್ಟುಕೊಂಡು ಕೇಳಿದ: "ಬಪ್ಪ ವರ್ಷ ನಮ್ಮಲ್ಲೂ ಹೊಡೆದುಕೊಡ್ತ್ಯನಾ? ಹತ್ತು ಲೀಟರ್ ತುಂಬ್ಸಿದ್ರೆ ಬೇಗ ಮುಗೀತಲಾ?" ಆರೇ ಲೀಟರ್, ಮರಕ್ಕೆ ಇಷ್ಟು ಅಂತ ದರ, ಬೆಟ್ಟದ ಅಂಚಿನ ಮುಳ್ಳುಕಂಟಿ ಸವರಿಕೊಡುವುದು ನಿನ್ನ ಕೆಲಸ ಎಂದೆ. ಯೋಚನೆ ಮಾಡಿ ಹೇಳುತ್ತಾನಂತೆ.