ಕ್ರೂಗರ್‌ಗೆ ಹೊರಡುವ ಮುನ್ನ: ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿರುವ ಕನ್ನಡಿಗರಿಗೆ

ಕಬಿನಿಯಲ್ಲೋ ಬಂಡೀಪುರದಲ್ಲೋ ಸಫಾರಿ ಮಾಡಿದವರಿಗೆ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಮೊದಲು ಹೊಸದೆನಿಸುವುದು ಇಲ್ಲಿ ಇಲಾಖೆಯ ಜೀಪಿಗೆ ಕಾಯಬೇಕಿಲ್ಲ ಎಂಬುದು. ಮನೆಯ ಕಾರನ್ನೇ ತಂದು ಬೆಳಗಿನಿಂದ ಸಂಜೆಯ ತನಕ ಸುತ್ತಬಹುದು. ಡಾಂಬರು ರಸ್ತೆಗೆ ಸಣ್ಣ ಕಾರು ಧಾರಾಳ ಸಾಕು. ಒಣಗಾಲದಲ್ಲಿ ಬಹುಪಾಲು ಮಣ್ಣು ರಸ್ತೆಗಳಿಗೂ ಸಾಕು. ಆದರೆ ಎಲ್ಲಿ ಉಳಿಯಬೇಕು, ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂಬ ಲೆಕ್ಕವೆಲ್ಲ ನಿಮ್ಮದೇ. ಉದ್ಯಾನ ಉತ್ತರದಿಂದ ದಕ್ಷಿಣಕ್ಕೆ ಸುಮಾರು 360 ಕಿ.ಮೀ. ಉದ್ದ. ಪ್ರವಾಸ ಕೆಡುವುದು ಪ್ರಾಣಿ ಕಾಣದೆ ಅಲ್ಲ, ದೂರದ ಲೆಕ್ಕ ತಪ್ಪಿ.

ವೇಗದ ಮಿತಿ ಡಾಂಬರಿನ ಮೇಲೆ ಗಂಟೆಗೆ 50, ಮಣ್ಣು ರಸ್ತೆಯಲ್ಲಿ 40 ಕಿ.ಮೀ. ನಿಂತು ನೋಡುತ್ತ ಹೋದರೆ ಸರಾಸರಿ 25ರ ಮೇಲೆ ದಾಟುವುದಿಲ್ಲ. ಒಳಗಿನ ವಸತಿ ಕ್ಯಾಂಪುಗಳಾದ ಸ್ಕುಕುಜಾದಿಂದ ಸತಾರಾಗೆ 93 ಕಿ.ಮೀ.; ನಕ್ಷೆ ಎರಡು ಗಂಟೆ ಎಂದರೂ ನೀವು ನಾಲ್ಕು ಗಂಟೆ ಇಟ್ಟುಕೊಳ್ಳಿ. ಕ್ಯಾಂಪಿನ ಗೇಟು ಮೇಯಿಂದ ಜುಲೈವರೆಗೆ ಬೆಳಿಗ್ಗೆ 6ಕ್ಕೆ ತೆರೆದು ಸಂಜೆ 5:30ಕ್ಕೆ ಮುಚ್ಚುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಬೆಳಗಿನ 4:30ಕ್ಕೇ ತೆರೆದು ಸಂಜೆ 6:30ಕ್ಕೆ ಮುಚ್ಚುತ್ತದೆ. ಉಳಿದ ತಿಂಗಳ ಸಮಯ ಇವುಗಳ ನಡುವೆ ಬರುತ್ತದೆ. ಹತ್ತು ನಿಮಿಷ ತಡವಾದರೂ ದಂಡ ಬೀಳಬಹುದು. ಗೇಟು ಮುಚ್ಚುವ ಮುಂಚಿನ ಕೊನೇ ಗಂಟೆಯಲ್ಲೇ ದಾರಿಯಲ್ಲಿ ಸಿಂಹವೋ ಆನೆ ಹಿಂಡೋ ಅಡ್ಡ ನಿಲ್ಲುವುದು ಹೆಚ್ಚು. ಹಾಗಾಗಿ ಒಂದು ಗಂಟೆ ಮೊದಲೇ ಕ್ಯಾಂಪಿನ ಆಸುಪಾಸಿನಲ್ಲಿರಿ.

ಸಾಧ್ಯವಾದರೆ ಒಳಗೇ ಉಳಿಯಿರಿ. ಹೊರಗಿನ ಹೋಟೆಲಿನಿಂದ ಬಂದರೆ ಪ್ರವೇಶ ಗೇಟಿನ ಸಾಲಿನಲ್ಲೇ ಚಿರತೆ ಕಾಣುವ ಹೊತ್ತು ಕಳೆದುಹೋಗುತ್ತದೆ. ಒಳಗಿನ ವಸತಿಯನ್ನು ಇಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಸ್ಯಾನ್‌ಪಾರ್ಕ್ಸ್ ಸಂಸ್ಥೆಯೇ ನಡೆಸುತ್ತದೆ. ಬುಕಿಂಗ್ 11 ತಿಂಗಳು ಮೊದಲೇ ತೆರೆಯುತ್ತದೆ. ಜೂನ್-ಜುಲೈ ಶಾಲಾ ರಜೆ ಮತ್ತು ಡಿಸೆಂಬರ್‌ಗೆ ಲೋವರ್ ಸಾಬಿ, ಸತಾರಾ, ಒಲಿಫಾಂಟ್ಸ್ ಬೇಗ ತುಂಬಿಬಿಡುತ್ತವೆ. ಅದರಲ್ಲೂ ನದಿ ಕಾಣುವ, ಬೇಲಿಗೆ ಅಂಟಿದ ಮನೆಗಳು ಮೊದಲು ಹೋಗುತ್ತವೆ. ಸಿಗಲಿಲ್ಲವೆಂದು ಕೈಬಿಡಬೇಡಿ. ರದ್ದಾದ ಕೋಣೆಗಳು ಮತ್ತೆ ಪಟ್ಟಿಗೆ ಬರುತ್ತವೆ, ದಿನಕ್ಕೊಮ್ಮೆ ನೋಡುತ್ತಿದ್ದರೆ ಒಂದೊಂದು ರಾತ್ರಿಯಾಗಿ ಜೋಡಿಸಿಕೊಳ್ಳಬಹುದು. ಕೋಣೆ ಮಧ್ಯಾಹ್ನ 2ಕ್ಕೆ ಸಿಗುತ್ತದೆ, ಬೆಳಿಗ್ಗೆ 10ಕ್ಕೆ ಬಿಡಬೇಕು. ಬೆಳಗಿನ ಸುತ್ತು ಮುಗಿಸಿ ಬಂದು ಸಾಮಾನು ಕಟ್ಟುತ್ತೇವೆಂದರೆ ಆಗುವುದಿಲ್ಲ, ಹಿಂದಿನ ರಾತ್ರಿಯೇ ಕಟ್ಟಿಡಿ.

ಬಾಡಿಗೆಯ ಜೊತೆಗೆ ಸಂರಕ್ಷಣಾ ಶುಲ್ಕವೂ ಇದೆ. ಉಳಿಯುವವರಿಗೆ ತಲೆಗೆ, ರಾತ್ರಿಗೆ ಇಷ್ಟು ಎಂದು. ಇಲ್ಲಿನ ಐಡಿ ಇದ್ದವರಿಗೆ ಕಡಿಮೆ. ಊರಿಂದ ಬಂದ ಅಪ್ಪ-ಅಮ್ಮನಿಗೆ ಹೊರದೇಶದವರ ದರ, ತಲೆಗೆ 500 ರ್‍ಯಾಂಡ್ ಮೇಲೆ. ದರ ಪ್ರತಿವರ್ಷ ನವೆಂಬರ್ 1ಕ್ಕೆ ಬದಲಾಗುತ್ತದೆ. ನಾಲ್ಕು ರಾತ್ರಿ, ಇಬ್ಬರು ಎಂದರೆ ಅವರ ಪಾಲೇ 4,000 ದಾಟಿತು. ಇದನ್ನು ವೈಲ್ಡ್ ಕಾರ್ಡಿನ ಬೆಲೆಯೊಂದಿಗೆ ಹೋಲಿಸಿ ನೋಡಿ. ಆ ಕಾರ್ಡು ಒಂದು ವರ್ಷದ ಶುಲ್ಕಕ್ಕೆ ಒಮ್ಮೆಲೇ ಕೊಡುವ ಹಣ, ಹೊರದೇಶದವರಿಗೂ ಸಿಗುತ್ತದೆ. ವರ್ಷಕ್ಕೆ ಎರಡು-ಮೂರು ಸಲ ಹೋಗುವ ಕುಟುಂಬಕ್ಕೆ ಅನುಮಾನವಿಲ್ಲದೆ ಲಾಭ. ಗೇಟಿನಲ್ಲಿ ಕೊಡುವ ಪರ್ಮಿಟ್ ಚೀಟಿಯನ್ನು ಹೊರಡುವ ತನಕ ಜೋಪಾನವಾಗಿಡಿ, ಹೊರಬೀಳುವಾಗಲೂ ಕೇಳುತ್ತಾರೆ.

ಜೋಹಾನ್ಸ್‌ಬರ್ಗ್, ಪ್ರಿಟೋರಿಯಾ ಕಡೆಯವರು ಎನ್4 ಹೆದ್ದಾರಿ ಹಿಡಿದು ಮಲೆಲಾನೆ ಅಥವಾ ಕ್ರೊಕೊಡೈಲ್ ಬ್ರಿಡ್ಜ್ ಗೇಟಿನಿಂದ ಒಳಹೋಗುವುದು ಒಳ್ಳೆಯದು. ಫೋನಿನ ನಕ್ಷೆ ನುಂಬಿ ಗೇಟಿನ ಹತ್ತಿರದ ದಾರಿ ತೋರಿಸಿದರೆ ಒಪ್ಪಬೇಡಿ. 2022ರ ಅಕ್ಟೋಬರ್‌ನಲ್ಲಿ ಆ ದಾರಿಯಲ್ಲಿ ಒಬ್ಬ ಜರ್ಮನ್ ಪ್ರವಾಸಿಯನ್ನು ದರೋಡೆಕೋರರು ಗುಂಡಿಟ್ಟು ಕೊಂದರು. ಉದ್ಯಾನದ ಹೊರಗಿನ ಪ್ರಯಾಣವೆಲ್ಲ ಹಗಲಿನಲ್ಲೇ ಇರಲಿ.

ಮೊದಲ ಸಲದವರಿಗೆ ನಾಲ್ಕು ರಾತ್ರಿ, ಎರಡೇ ಕ್ಯಾಂಪು: ಎರಡು ರಾತ್ರಿ ಲೋವರ್ ಸಾಬಿ, ಎರಡು ರಾತ್ರಿ ಸತಾರಾ. ದಿನಕ್ಕೊಂದು ಕ್ಯಾಂಪು ಬದಲಿಸಿದರೆ ಓಡಾಟವೇ ಆಗುತ್ತದೆ. ಲೋವರ್ ಸಾಬಿಯ ಗೇಟು ದಾಟಿದರೆ ಕೂಗಳತೆಯಲ್ಲೇ ಸನ್‌ಸೆಟ್ ಡ್ಯಾಂ. ಇಂಜಿನ್ ಆರಿಸಿ ಅರ್ಧ ಗಂಟೆ ಸುಮ್ಮನೆ ಕೂತುಬಿಡಿ. ಬಂಡೆಯೆಂದುಕೊಂಡದ್ದು ಕಿವಿ ಅಲುಗಿಸುತ್ತದೆ, ನೀರಾನೆ. ಅದರ ಬೆನ್ನ ಮೇಲೆ ಸಾಲಾಗಿ ಬಿಸಿಲು ಕಾಯುವ ಆಮೆಗಳು. ದಡದ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ. ನೂರು ಕಿ.ಮೀ. ಓಡಿದವರಿಗಿಂತ ನೀರಿನ ಬಳಿ ಕಾದವರಿಗೇ ಹೆಚ್ಚು ಕಾಣುವುದು. ಮೇಯಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಒಣಗಿ, ಪ್ರಾಣಿಗಳು ನೀರಿಗೆ ಬರಲೇಬೇಕಾದ್ದರಿಂದ ಆ ಕಾಲವೇ ಮೇಲು. ಆಗ ಬೆಳಗಿನ ಚಳಿ ಕಡಿಮೆಯೇನಲ್ಲ. ತೆರೆದ ವಾಹನದ ಸಫಾರಿಗೆ ಟೋಪಿ, ಕಂಬಳಿ ಬೇಕು. ಗೇಟು ಮುಚ್ಚಿದ ಮೇಲೆ ಕಾಡು ನೋಡಬೇಕೆಂದರೆ ಕ್ಯಾಂಪಿನವರ ರಾತ್ರಿ ಸಫಾರಿ ಒಂದೇ ದಾರಿ, ಅದನ್ನೂ ಮೊದಲೇ ಕಾದಿರಿಸಿ.

ಆನೆಯ ವಿಷಯದಲ್ಲಿ ನಮ್ಮವರಿಗೆ ಸಲುಗೆ ಹೆಚ್ಚು. ಇಲ್ಲಿ ಹೆಣ್ಣಿಗೂ ದಂತವಿರುತ್ತದೆ, ದಂತ ನೋಡಿ ಗಂಡೆಂದು ತೀರ್ಮಾನಿಸಬೇಡಿ. ಕಣ್ಣಿಗೂ ಕಿವಿಗೂ ನಡುವೆ ಕಪ್ಪಗೆ ಒದ್ದೆ ಗೆರೆ ಇಳಿದಿದ್ದು, ಹಿಂಗಾಲಿನ ನಡುವೆ ಮೂತ್ರ ತೊಟ್ಟಿಕ್ಕುತ್ತಿದ್ದರೆ ಮದವೇರಿದ ಗಂಡು. ಅದು ರಸ್ತೆಯಲ್ಲೇ ಎದುರು ಬಂದರೆ ಹಾರ್ನ್ ಬೇಡ, ಫೋಟೋ ಬೇಡ. ದೂರ ಇರುವಾಗಲೇ ಹಿಂದಕ್ಕೆ ಹೋಗಿ ದಾರಿ ಬಿಡಿ. ಹಿಂದೆ ಕಾರುಗಳು ಸಾಲುಗಟ್ಟಿ ಹಿಮ್ಮೆಟ್ಟಲು ಜಾಗವಿಲ್ಲದೆ ಸಿಕ್ಕಿಕೊಳ್ಳುವುದೇ ನಿಜವಾದ ಅಪಾಯ. ಹಿಂಡಿನ ನಡುವೆ, ತಾಯಿ-ಮರಿಯ ನಡುವೆ ಕಾರು ನುಗ್ಗಿಸಬೇಡಿ. ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ, ಕಿಟಕಿಯಿಂದ ಮಕ್ಕಳ ತಲೆ ಹೊರಬರುವಂತೆಯೂ ಇಲ್ಲ.

ಊಟ: ಕ್ಯಾಂಪಿನ ಅಂಗಡಿಯಲ್ಲಿ ಬ್ರೆಡ್ಡು, ಹಾಲು, ಮಾಂಸ, ಸೌದೆ ಸಿಗುತ್ತವೆ, ಸಸ್ಯಾಹಾರಿಗೆ ಆಯ್ಕೆ ಕಡಿಮೆ. ಬುಕ್ ಮಾಡುವಾಗಲೇ ಅಡುಗೆಮನೆ ಇರುವ ಕೋಣೆಯೇ ಎಂದು ನೋಡಿ. ಇಲ್ಲದಿದ್ದರೆ ತಟ್ಟೆ-ಚಮಚವೂ ಇರುವುದಿಲ್ಲ. ಅಕ್ಕಿ, ಬೇಳೆ, ಚಟ್ನಿಪುಡಿ, ಸಣ್ಣ ಕುಕ್ಕರ್ ಜೊತೆಗಿರಲಿ. ಮಧ್ಯಾಹ್ನಕ್ಕೆ ಚಿತ್ರಾನ್ನ ಕಟ್ಟಿಕೊಂಡು ತ್ಶೋಕ್ವಾನೆಯಂಥ ಪಿಕ್ನಿಕ್ ಜಾಗದಲ್ಲಿ ಇಳಿದು ತಿನ್ನಬಹುದು. ಜಗಲಿಯ ಫ್ರಿಜ್ಜಿನ ಚಿಲಕ ಹಾಕದಿದ್ದರೆ ಕೋತಿಗಳು ಖಾಲಿ ಮಾಡುತ್ತವೆ. ದೇವಸ್ಥಾನದಲ್ಲಿ ಕೋತಿಗೆ ಬಾಳೆಹಣ್ಣು ಕೊಡುವ ಅಭ್ಯಾಸ ಇಲ್ಲಿ ತೋರಿಸಲೇಬಾರದು: ತಿನಿಸಿಗೆ ಒಗ್ಗಿದ ಬಬೂನು, ಅಂದರೆ ಇಲ್ಲಿನ ದೊಡ್ಡ ಕೋತಿ, ಮನುಷ್ಯರ ಮೇಲೆ ಎರಗತೊಡಗಿ, ಕಡೆಗೆ ಅದನ್ನೇ ಕೊಲ್ಲಬೇಕಾಗುತ್ತದೆ. ಘೇಂಡಾಮೃಗ ಕಂಡರೆ ಆ ಜಾಗದ ಗುರುತಿನೊಂದಿಗೆ ಫೋಟೋ ಹಾಕಬೇಡಿ. ಕೊಂಬಿನ ಬೇಟೆಗಾರರಿಗೆ ನಾವೇ ದಾರಿ ಹೇಳಿದಂತೆ. ಡ್ರೋನ್ ಪೂರ್ತಿ ನಿಷಿದ್ಧ. ದಿನದ ಮಟ್ಟಿಗೆ ಬರುವವರು ಮದ್ಯ ತರುವಂತಿಲ್ಲ.

ಕ್ರೂಗರ್ ಮಲೇರಿಯಾ ಪ್ರದೇಶ. ಅಕ್ಟೋಬರ್‌ನಿಂದ ಮೇವರೆಗೆ ಅಪಾಯ ಹೆಚ್ಚು. ಊರಲ್ಲಿ ಕೇಳಿ ಗೊತ್ತಿರುವ ಕ್ಲೋರೋಕ್ವಿನ್ ಇಲ್ಲಿನ ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾಕ್ಕೆ ನಾಟುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಅಥವಾ ಅಟೊವಾಕ್ವೋನ್-ಪ್ರೊಗ್ವಾನಿಲ್ ಕೊಡುತ್ತಾರೆ. ಎರಡನ್ನೂ ಹೊರಡುವ ಒಂದೆರಡು ದಿನ ಮುಂಚೆ ಶುರುಮಾಡಬೇಕು. ಮೊದಲನೆಯದನ್ನು ಬಂದ ಮೇಲೂ ನಾಲ್ಕು ವಾರ, ಎರಡನೆಯದನ್ನು ಏಳು ದಿನ ಮುಂದುವರಿಸಬೇಕು. ಮನೆಗೆ ಬಂದೆವಲ್ಲ ಎಂದು ಅರ್ಧಕ್ಕೇ ಬಿಡುವವರೇ ಹಾಸಿಗೆ ಹಿಡಿಯುವುದು. ಗರ್ಭಿಣಿಯರು, ಪುಟ್ಟ ಮಕ್ಕಳಿಗೆ ಮಾತ್ರೆ ಬೇರೆ. ಅವರನ್ನು ಕರೆದೊಯ್ಯುವ ಮೊದಲೇ ವೈದ್ಯರನ್ನು ಕೇಳಿ. ಹಿಂದಿರುಗಿದ ವಾರಗಳಲ್ಲಿ ಜ್ವರ ಬಂದರೆ ಫ್ಲೂ ಎಂದು ಕಾಯದೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ಅಪ್ಪ-ಅಮ್ಮ ಅಷ್ಟರಲ್ಲಿ ಮೈಸೂರಿಗೋ ಹುಬ್ಬಳ್ಳಿಗೋ ಮರಳಿದ್ದರೆ, ಆಫ್ರಿಕಾದ ಕಾಡಿಗೆ ಹೋಗಿದ್ದೆವು ಎಂದು ಅಲ್ಲಿನ ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳಲು ತಿಳಿಸಿರಿ.